ಬೆನ್ನು ಬಿಡದ ಕುಕೀಗಳು: ಕ್ರೋಮ್, ಬ್ರೇವ್, ಫೈರ್‌ಫಾಕ್ಸ್ ಬಳಸಿ ನೋಡಿದ ಮೇಲೆ

ಕುಕೀ ಎಂದರೆ ಜಾಲತಾಣ ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ. ಅದನ್ನು ನೋಡಿಯೇ ಜಾಹೀರಾತಿನವರು ನಮ್ಮ ಬೆನ್ನು ಹತ್ತುತ್ತಾರೆ. ಇದನ್ನು ತಡೆಯಲು ಯಾವ ಬ್ರೌಸರ್ ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೈರ್‌ಫಾಕ್ಸ್‌ಗೆ. ಅದರಲ್ಲಿ ಹಿಂಬಾಲಿಸುವ ಟ್ರ್ಯಾಕರ್‌ಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಹಾಕಿಕೊಳ್ಳಬೇಕು, ಬ್ರೌಸರ್ ಮುಚ್ಚಿದಾಗ ಕುಕೀಗಳೆಲ್ಲ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಿಕೊಳ್ಳಬೇಕು. ಖರ್ಚು ಸೊನ್ನೆ. ಆದರೆ ಇದರಲ್ಲೂ ಒಂದು ಕಿರಿಕಿರಿ ಇದೆ. ಒಂದು ಹಂತದಲ್ಲಿ ಮನೆಯವರೆಲ್ಲ ಸೇರಿ "ಹಳೇದೇ ಇರಲಿ, ಇದು ಬೇಡ" ಅಂದುಬಿಟ್ಟಿದ್ದರು. ಆ ಕಥೆ ಕೆಳಗಿದೆ.

ಇದೆಲ್ಲ ಶುರುವಾದದ್ದು ದುಡ್ಡು ಕೊಟ್ಟು ತೆಗೆದುಕೊಂಡ ಒಂದು ವಿಪಿಎನ್‌ನಿಂದ, ಅಂದರೆ ನಮ್ಮ ಇಂಟರ್ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ಸೇವೆಯಿಂದ. ಮನೆಗೆ ವೆಟ್ ಗ್ರೈಂಡರ್ ಕೊಂಡಿದ್ದೆವು. ಹಿಟ್ಟು ರುಬ್ಬಿ, ಇಡ್ಲಿ ತಿಂದು ಆದಮೇಲೂ ಸುದ್ದಿ ಓದಲು ಹೋದ ಕಡೆಯೆಲ್ಲ ಗ್ರೈಂಡರ್ ಜಾಹೀರಾತು. ಯಾರೂ ನಿಮ್ಮ ಹಿಂದೆ ಬೀಳಲಾರರು ಎಂದು ಹೇಳಿಕೊಳ್ಳುವ ವಿಪಿಎನ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಗ್ರೈಂಡರ್ ಮಾತ್ರ ಹೋಗಲಿಲ್ಲ. ಹೋಗಬೇಕಾದ ಕಾರಣವೂ ಇಲ್ಲ. ವಿಪಿಎನ್ ಮುಚ್ಚಿಡುವುದು ನಿಮ್ಮ ಐಪಿ ವಿಳಾಸವನ್ನು, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರನ್ನು. ಕುಕೀ ಕೂತಿರುವುದು ನಿಮ್ಮದೇ ಬ್ರೌಸರ್ ಒಳಗೆ. ನೀವು ಸಿಂಗಪುರದ ಸರ್ವರ್ ಮೂಲಕ ಬಂದರೂ ಅದೇ ಕುಕೀ ತೋರಿಸುತ್ತೀರಿ, ಜಾಹೀರಾತಿನವರು ಅದೇ ಮನುಷ್ಯ ಎಂದು ಗುರುತು ಹಿಡಿಯುತ್ತಾರೆ. ಬೇರೆ ಕೆಲಸಕ್ಕೆ ವಿಪಿಎನ್ ಬೇಕಾಗಬಹುದು, ಈ ಕೆಲಸಕ್ಕೆ ಬೇಡ.

ಯಾವ ಬ್ರೌಸರ್ ಎಂದು ನೋಡುವ ಮೊದಲು ಒಂದು ಸಲ ಕಣ್ಣಾರೆ ನೋಡಿ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಯಾವುದಾದರೂ ಸುದ್ದಿತಾಣ ತೆರೆದು, ಶಿಫ್ಟ್ ಹಿಡಿದು ಎಫ್9 ಒತ್ತಿ. ಕೆಳಗೆ ಒಂದು ಪಟ್ಟಿ ಬರುತ್ತದೆ. ಎಡಗಡೆ ಕುಕೀಸ್ ಎಂದಿರುವುದನ್ನು ಒತ್ತಿದರೆ ಹೆಸರು, ಉದ್ದನೆಯ ಒಂದು ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲ ಸಾಲಾಗಿ ಕಾಣುತ್ತವೆ. ಅಂಡರ್‌ಸ್ಕೋರ್ ಜಿಎ ಎಂಬ ಹೆಸರು ಬಹಳ ಕಡೆ ಸಿಗುತ್ತದೆ. ಅದು ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನದು. ಮಾಮೂಲಿಯಾಗಿ ಅದರ ಆಯಸ್ಸು 2 ವರ್ಷ. ಅಂಡರ್‌ಸ್ಕೋರ್ ಎಫ್‌ಬಿಪಿ ಕಂಡರೆ ಅದು ಫೇಸ್‌ಬುಕ್‌ನದು, 90 ದಿನ. ನೀವು ಮತ್ತೆ ಹೋದಾಗ ಈ ದಿನಾಂಕ ಮುಂದಕ್ಕೆ ಜಿಗಿಯುತ್ತದೆ. ದಿನಾ ಸುದ್ದಿ ಓದುವವರ ಕುಕೀಗೆ ಕೊನೆಯೇ ಇಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಎರಡೂ ಕುಕೀಗಳು ಆ ಸುದ್ದಿತಾಣದ ಹೆಸರಿನಲ್ಲೇ ಕೂತಿರುತ್ತವೆ. ಎಲ್ಲರೂ ಹೇಳುವ "ಥರ್ಡ್ ಪಾರ್ಟಿ ಕುಕೀ ಬ್ಲಾಕ್ ಮಾಡಿ" ಎಂಬ ಸ್ವಿಚ್‌ಗೆ ಇವು ಸಿಗುವುದೇ ಇಲ್ಲ. ಅದು ಹಿಡಿಯುವುದು ನೀವು ತೆರೆದ ತಾಣ ಬಿಟ್ಟು ಬೇರೆಯವರ ಹೆಸರಿನಲ್ಲಿರುವ ಕುಕೀಗಳನ್ನು ಮಾತ್ರ. ಹಾಗಂತ ಕುಕೀಗಳನ್ನೇ ಪೂರ್ತಿ ನಿಲ್ಲಿಸಿದರೆ ಲಾಗಿನ್ ಕೂಡ ಆಗುವುದಿಲ್ಲ. ಹಾಗಾಗಿ ನಾನು ಎರಡೇ ಕೆಲಸ ಇಟ್ಟುಕೊಂಡು ಎಲ್ಲವನ್ನೂ ಅಳೆದೆ. ಹಿಂಬಾಲಿಸುವ ಸ್ಕ್ರಿಪ್ಟ್ (ಪುಟದ ಜೊತೆ ಬಂದು ಕುಕೀ ಇಡುವ ಪುಟ್ಟ ಪ್ರೋಗ್ರಾಂ) ಒಳಗೇ ಬರಬಾರದು. ಕಣ್ಣು ತಪ್ಪಿಸಿ ಬಂದದ್ದು ನಾಳೆವರೆಗೆ ಉಳಿಯಬಾರದು.

ಕ್ರೋಮ್ ಎಲ್ಲರ ಹತ್ತಿರ ಇದೆ, ಎಲ್ಲ ತಾಣವೂ ಅದರಲ್ಲಿ ಸರಿಯಾಗಿ ಓಡುತ್ತದೆ. ಆದರೆ ಕುಕೀ ವಿಷಯದಲ್ಲಿ ಅದನ್ನು ನಂಬುವುದು ಅಂಗಡಿಯವನನ್ನೇ ತಕ್ಕಡಿ ಸರಿಯಿದೆಯಾ ಎಂದು ಕೇಳಿದ ಹಾಗೆ. 2020ರ ಜನವರಿಯಲ್ಲಿ ಗೂಗಲ್, 2 ವರ್ಷದೊಳಗೆ ಥರ್ಡ್ ಪಾರ್ಟಿ ಕುಕೀಗಳನ್ನು ತೆಗೆದುಹಾಕುವುದಾಗಿ ಹೇಳಿತ್ತು. ಗಡುವು 2023ಕ್ಕೆ ಹೋಯಿತು, 2024ಕ್ಕೆ ಹೋಯಿತು, 2025ಕ್ಕೆ ಹೋಯಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಈಗಲೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿಕೊಂಡು ಹೋಗಿ ನಾವೇ ಬ್ಲಾಕ್ ಮಾಡಬಹುದು. 2022ರಿಂದ ಕ್ರೋಮ್ ಯಾವ ಕುಕೀಗೂ 400 ದಿನಕ್ಕಿಂತ ಜಾಸ್ತಿ ಆಯಸ್ಸು ಕೊಡುವುದಿಲ್ಲ ಎನ್ನುವುದೂ ನಿಜ. ಆದರೆ ಮತ್ತೆ ಭೇಟಿ ಕೊಟ್ಟ ಕೂಡಲೇ ಎಣಿಕೆ ಹೊಸದಾಗಿ ಶುರುವಾದರೆ ಆ ಮಿತಿಯಿಂದ ನನಗೇನು ಬಂತು?

ಕ್ರೋಮ್ ಬಿಡಲು ನನಗೆ ಇದ್ದ ದೊಡ್ಡ ಕಾರಣ ಬೇರೆ. ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಾದ ಮೇಲೆ ಯುಬ್ಲಾಕ್ ಒರಿಜಿನ್ ಅದರಲ್ಲಿ ಓಡುವುದಿಲ್ಲ. ಅದರ ಬದಲಿಗೆ ಯುಬ್ಲಾಕ್ ಒರಿಜಿನ್ ಲೈಟ್ ಇದೆ. ಲೈಟ್ ಕೆಟ್ಟದ್ದೇನಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆಫೀಸಿನ ಕಂಪ್ಯೂಟರಿನಲ್ಲಿ ಕ್ರೋಮ್ ಬಿಟ್ಟು ಬೇರೆ ಹಾಕಲು ಬಿಡದಿದ್ದರೆ ಅದನ್ನೇ ಹಾಕಿಕೊಳ್ಳಿ.

ಇನ್‌ಕಾಗ್ನಿಟೋ, ಅಂದರೆ ಕ್ರೋಮ್‌ನ ಗುಟ್ಟಿನ ಕಿಟಕಿ, ಅದರ ಬಗ್ಗೆ ಜನರಿಗೆ ಇರುವಷ್ಟು ನಂಬಿಕೆ ನನಗಿಲ್ಲ. ಅದು ಥರ್ಡ್ ಪಾರ್ಟಿ ಕುಕೀ ತಡೆಯುತ್ತದೆ, ಕಿಟಕಿ ಮುಚ್ಚಿದಾಗ ಉಳಿದವನ್ನೂ ಅಳಿಸುತ್ತದೆ. ಅಷ್ಟೇ. ಒಳಗಿರುವಾಗ ತಾಣಗಳು ನೋಡುವುದನ್ನು ನೋಡುತ್ತಲೇ ಇರುತ್ತವೆ. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರಲ್ಲಿ ರಾಜಿಯಾಗಿ, ಸಂಗ್ರಹಿಸಿದ್ದ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಕಾಯಿಲೆ ಕಸಾಲೆ ಬಗ್ಗೆ ಒಂದು ಸಲ ಹುಡುಕಬೇಕು ಅಂದರೆ ಇನ್‌ಕಾಗ್ನಿಟೋ ಸಾಕು. ದಿನಪೂರ್ತಿ ಅದರಲ್ಲೇ ಇರಲು ಆಗುವುದಿಲ್ಲ.

ಬ್ರೇವ್ ನಿಜವಾದ ಪೈಪೋಟಿ ಕೊಟ್ಟಿತು. ಹಾಕಿದ ಕೂಡಲೇ ಕೆಲಸ ಶುರು, ಏನೂ ಸೆಟ್ಟಿಂಗ್ ಬೇಡ. ಥರ್ಡ್ ಪಾರ್ಟಿ ಕುಕೀ ತಾನಾಗಿಯೇ ಬಂದ್. ಟ್ರ್ಯಾಕರ್ ತಡೆಯುವುದು ಅದರೊಳಗೇ ಇದೆ, ಎಕ್ಸ್‌ಟೆನ್ಷನ್ ಬೇಕಿಲ್ಲ. ನಮ್ಮ 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪಿನಲ್ಲೂ ಚುರುಕಾಗಿ ಓಡಿತು. ಇನ್ನೂ ಒಂದು ಒಳ್ಳೆಯ ವ್ಯವಸ್ಥೆ ಇದೆ. ಅಡ್ರೆಸ್ ಪಕ್ಕದ ಸಿಂಹದ ಗುರುತು ಒತ್ತಿ, "ಈ ತಾಣ ಮುಚ್ಚಿದಾಗ ನನ್ನನ್ನು ಮರೆತುಬಿಡು" ಎಂಬ ಅರ್ಥದ ಆಯ್ಕೆ ಹಾಕಿದರೆ, ಆ ತಾಣದ ಟ್ಯಾಬ್‌ಗಳನ್ನೆಲ್ಲ ಮುಚ್ಚಿದ ಸ್ವಲ್ಪ ಹೊತ್ತಿಗೆ ಅದರ ಕುಕೀಗಳು ಹೋಗುತ್ತವೆ. ಬ್ರೌಸರನ್ನೇ ಮುಚ್ಚುವವರೆಗೆ ಕಾಯಬೇಕಿಲ್ಲ. ಫೈರ್‌ಫಾಕ್ಸ್‌ನಲ್ಲಿ ಇದು ಇರಬೇಕಿತ್ತು.

ಹಾಗಿದ್ದರೂ ಬ್ರೇವ್ ಬಿಟ್ಟೆ. ಅದರಲ್ಲಿ ಕ್ರಿಪ್ಟೋ ವ್ಯಾಲೆಟ್ ಇದೆ, ಜಾಹೀರಾತು ನೋಡಿದರೆ ಟೋಕನ್ ಕೊಡುವ ರಿವಾರ್ಡ್ಸ್ ಇದೆ, ಎಐ ಸಹಾಯಕ ಇದೆ. ಒಂದೊಂದನ್ನೇ ಹುಡುಕಿ ಆಫ್ ಮಾಡುತ್ತಾ ಕೂರಬೇಕು. ನನಗೇನೋ ಮಾಡಬಹುದು. ಅಪ್ಪನ ಕಣ್ಣಿಗೆ ವ್ಯಾಲೆಟ್ ಗುರುತು ಬಿದ್ದು, ಅದೇನು ಎಂದು ವಿವರಿಸುವಷ್ಟರಲ್ಲಿ ಸಾಕಾಯಿತು. 2020ರಲ್ಲಿ ಒಂದು ಕ್ರಿಪ್ಟೋ ವಿನಿಮಯ ತಾಣದ ವಿಳಾಸ ಟೈಪ್ ಮಾಡಿದರೆ ಬ್ರೇವ್ ತನ್ನ ಕಮಿಷನ್ ಕೋಡನ್ನು ಸೇರಿಸುತ್ತಿತ್ತು ಎಂಬುದು ಹೊರಬಿದ್ದು, ಅವರೇ ಅದನ್ನು ನಿಲ್ಲಿಸಿದ್ದರು. ಹಳೇ ಮಾತು, ಆದರೆ ನನ್ನ ಮನಸ್ಸಿನಲ್ಲಿ ಉಳಿದಿದೆ.

ಈಗ ಫೈರ್‌ಫಾಕ್ಸ್. 2022ರಿಂದ ಇದು ಪ್ರತಿ ತಾಣದ ಕುಕೀಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಸುದ್ದಿತಾಣದಲ್ಲಿರುವ ಲೈಕ್ ಬಟನ್ ಇಟ್ಟ ಕುಕೀ ಆ ಸುದ್ದಿತಾಣದ ಡಬ್ಬಿಯಲ್ಲೇ ಇರುತ್ತದೆ. ನೀವು ಗ್ರೈಂಡರ್ ನೋಡಲು ಬೇರೆ ಅಂಗಡಿಗೆ ಹೋದಾಗ ಅದೇ ಲೈಕ್ ಬಟನ್‌ಗೆ ಆ ಕುಕೀ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸ್ಟ್ರಿಕ್ಟ್ ಎಂದು ಇಟ್ಟರೆ ಇನ್ನೂ ಬಿಗಿ.

ಮಿಕ್ಕ ಕೆಲಸ ಯುಬ್ಲಾಕ್ ಒರಿಜಿನ್‌ನದು. ರೇಮಂಡ್ ಹಿಲ್ ಎಂಬವರು ಶುರು ಮಾಡಿದ್ದು, ಪೂರ್ತಿ ಉಚಿತ, ಅವರು ದೇಣಿಗೆ ಕೂಡ ಕೇಳುವುದಿಲ್ಲ. ಅನಲಿಟಿಕ್ಸ್‌ನ ಸ್ಕ್ರಿಪ್ಟನ್ನೇ ಇದು ಬಾಗಿಲಲ್ಲಿ ತಡೆಯುವುದರಿಂದ ಮೇಲೆ ಹೇಳಿದ 2 ವರ್ಷದ ಕುಕೀ ಹುಟ್ಟುವುದೇ ಇಲ್ಲ. ಹಾಕಿದ ಮೇಲೆ ಅದೇ ಸುದ್ದಿತಾಣಕ್ಕೆ ಹೋಗಿ, ಹಳೆಯವನ್ನು ಅಳಿಸಿ, ಮತ್ತೆ ಶಿಫ್ಟ್ ಎಫ್9 ಒತ್ತಿ ನೋಡಿದೆ. ಪರದೆ ತುಂಬ ಇದ್ದ ಪಟ್ಟಿ ಕೆಲವೇ ಸಾಲಿಗೆ ಇಳಿದಿತ್ತು. ಕೆಲವು ಟ್ರ್ಯಾಕರ್‌ಗಳು ಸುದ್ದಿತಾಣದ್ದೇ ಉಪವಿಳಾಸದ ವೇಷ ಹಾಕಿಕೊಂಡು ಬರುತ್ತವೆ. ಆ ವೇಷ ಕಳಚುವುದು ಯುಬ್ಲಾಕ್‌ಗೆ ಫೈರ್‌ಫಾಕ್ಸ್‌ನಲ್ಲಿ ಮಾತ್ರ ಸಾಧ್ಯ, ಕ್ರೋಮ್ ಅದಕ್ಕೆ ಬೇಕಾದ ಅವಕಾಶವನ್ನೇ ಕೊಡುವುದಿಲ್ಲ.

ಕಿರಿಕಿರಿಗೆ ಬರೋಣ. "ಫೈರ್‌ಫಾಕ್ಸ್ ಮುಚ್ಚಿದಾಗ ಕುಕೀ ಮತ್ತು ಸೈಟ್ ಡೇಟಾ ಅಳಿಸು" ಎಂಬ ಸೆಟ್ಟಿಂಗ್‌ಗೆ ಟಿಕ್ ಹಾಕಿದೆ. ಮಾರನೇ ದಿನ ಬೆಳಿಗ್ಗೆ ಅಪ್ಪ ಮೇಲ್ ನೋಡಲು ಕೂತರೆ ಪಾಸ್‌ವರ್ಡ್ ಕೇಳುತ್ತಿದೆ. ಪಾಸ್‌ವರ್ಡ್ ಕೊಟ್ಟರೆ ಫೋನಿಗೆ ಕೋಡ್. ಫೋನ್ ರೂಮಿನಲ್ಲಿ ಚಾರ್ಜಿಗೆ. ಎದ್ದು ಹೋಗಿ ತರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. "ಏನೋ ಇದು, ದಿನಾ ಓಟಿಪಿ" ಎಂದು ಶುರುವಾಯಿತು. ತಂಗಿಯದು ಇನ್ನೊಂದು ದೂರು. ಅವಳು ಕೋರ್ಸಿನ ಪಾಠ ಎಲ್ಲಿಗೆ ನಿಲ್ಲಿಸಿದ್ದಳೋ ಅದು ಮರೆತುಹೋಗುತ್ತಿತ್ತು.

ಬ್ಯಾಂಕಿನದು ಇದಕ್ಕಿಂತ ಜೋರು. ನಮ್ಮ ಬ್ಯಾಂಕಿನ ತಾಣ "ಇದು ನಂಬಿಕೆಯ ಬ್ರೌಸರ್" ಎಂದು ನೆನಪಿಟ್ಟುಕೊಳ್ಳುವುದೂ ಕುಕೀಯಲ್ಲೇ. ಅದನ್ನು ಅಳಿಸಿದರೆ ಪ್ರತಿ ಸಲವೂ ನಾವು ಹೊಸಬರು. ಅಪ್ಪನ ಫೋನಿಗೆ "ಹೊಸ ಸಾಧನದಿಂದ ಲಾಗಿನ್ ಆಗಿದೆ, ನೀವಲ್ಲದಿದ್ದರೆ ತಕ್ಷಣ ತಿಳಿಸಿ" ಎಂಬ ಎಸ್‌ಎಂಎಸ್ ಬರತೊಡಗಿತು. ಸೈಬರ್ ವಂಚನೆಯ ಸುದ್ದಿ ದಿನಾ ಓದುವ ಮನುಷ್ಯ. ಖಾತೆಗೆ ಯಾರೋ ಕೈ ಹಾಕಿದರು ಎಂದು ಗಾಬರಿ. ಲಾಗಿನ್ ಆದದ್ದು ನೀವೇ ಅಪ್ಪ ಎಂದರೆ, ಮತ್ತೆ ಹೊಸ ಸಾಧನ ಅಂತ ಯಾಕೆ ಬರುತ್ತೆ ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ, ಅಲ್ವಾ?

ಪರಿಹಾರ ಅದೇ ಸೆಟ್ಟಿಂಗ್ ಪಕ್ಕದಲ್ಲಿದೆ, ಮ್ಯಾನೇಜ್ ಎಕ್ಸೆಪ್ಷನ್ಸ್ ಎಂಬ ಬಟನ್. ಅಳಿಸಬಾರದ ತಾಣಗಳ ವಿಳಾಸ ಅಲ್ಲಿ ಬರೆದು ಅಲೋ ಒತ್ತಬೇಕು. ಆಮೇಲೆ ಕೆಳಗಿರುವ ಸೇವ್ ಚೇಂಜಸ್ ಒತ್ತಲೇಬೇಕು. ಸುಮ್ನೆ ಮೂಲೆಯ ಗುಣಿಸು ಗುರುತು ಒತ್ತಿ ಮುಚ್ಚಿದರೆ ಬರೆದದ್ದೆಲ್ಲ ಹೋಯಿತು. ವಿಳಾಸದಲ್ಲೂ ಒಂದು ತೊಡಕಿದೆ. ಜಿಮೇಲ್ ತೆರೆಯುವ ವಿಳಾಸವನ್ನಷ್ಟೇ ಬರೆದರೆ ಪ್ರಯೋಜನವಿಲ್ಲ, ಲಾಗಿನ್ ಕುಕೀ ಇರುವುದು ಗೂಗಲ್‌ನ ಮೂಲ ವಿಳಾಸದಲ್ಲಿ ಮತ್ತು ಅಕೌಂಟ್ಸ್ ಎಂಬ ಉಪವಿಳಾಸದಲ್ಲಿ. ಮೂಲ ವಿಳಾಸ ಬರೆದರೆ ಎರಡಕ್ಕೂ ಸರಿ. ಯೂಟ್ಯೂಬ್ ಬೇರೆ ವಿಳಾಸ, ಅದನ್ನೂ ಬರೆಯಬೇಕು.

ಅಲ್ಲಿಗೆ ಗೂಗಲ್ ಕುಕೀ ಮನೆಯಲ್ಲೇ ಉಳಿಯಿತಲ್ಲ ಎಂದು ನೀವು ಕೇಳಬಹುದು. ಹೌದು, ಉಳಿಯಿತು. ಅದಕ್ಕೇ ಹುಡುಕಾಟವನ್ನು ಗೂಗಲ್‌ನಿಂದ ಡಕ್‌ಡಕ್‌ಗೋ ಎಂಬ ಬೇರೆ ಸರ್ಚ್ ಎಂಜಿನ್‌ಗೆ ಬದಲಾಯಿಸಿದೆ. ಮೇಲ್, ಬ್ಯಾಂಕ್, ತಂಗಿಯ ಕೋರ್ಸ್ ಮತ್ತೆ ಒಂದೆರಡು ಬಿಟ್ಟರೆ ಬೇರೆ ಯಾವುದೂ ಪಟ್ಟಿಯಲ್ಲಿಲ್ಲ. ಅಂಗಡಿ ತಾಣಗಳಂತೂ ಬೇಡವೇ ಬೇಡ, ಕೊಳ್ಳುವ ದಿನ ಲಾಗಿನ್ ಆದರಾಯಿತು. ಪಟ್ಟಿ ಸರಿಹೋದ ಮೇಲೆ ಮನೆಯಲ್ಲಿ ಗೊಣಗಾಟ ನಿಂತಿತು.

ಇದೇ ಕಿರಿಕಿರಿಯ ಬಾಲ ಒಂದಿದೆ. ಯುರೋಪಿನಲ್ಲಿ 2018ರಲ್ಲಿ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಬಂದಮೇಲೆ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿಗಳು ಅಲ್ಲಿ ಎಲ್ಲೆಲ್ಲೂ ಇವೆ. ಜರ್ಮನಿಯಲ್ಲೋ ಲಂಡನ್ನಿನಲ್ಲೋ ಇರುವ ನಮ್ಮವರಿಗೆ ಇದು ದಿನನಿತ್ಯದ ಗೋಳು. ನೀವು ಬೇಡ ಎಂದದ್ದನ್ನು ತಾಣ ನೆನಪಿಡುವುದೂ ಒಂದು ಕುಕೀಯಲ್ಲೇ! ಅದನ್ನೂ ಅಳಿಸಿದರೆ ಮಾರನೇ ದಿನ ಮತ್ತೆ ಕೇಳುತ್ತದೆ. ಯುಬ್ಲಾಕ್‌ನ ಫಿಲ್ಟರ್ ಪಟ್ಟಿಗಳಲ್ಲಿ ಕುಕೀ ನೋಟಿಸಸ್ ಎಂಬ ಗುಂಪಿದೆ, ಅದಕ್ಕೆ ಟಿಕ್ ಹಾಕಿದರೆ ಬಹುಪಾಲು ಮಾಯ.

ಕಂಟೇನರ್ ಎಂಬ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ್ದೇ ಎಕ್ಸ್‌ಟೆನ್ಷನ್ ಕೂಡ ಹಾಕಿ ನೋಡಿದೆ. ಬ್ಯಾಂಕಿಗೊಂದು, ಫೇಸ್‌ಬುಕ್‌ಗೊಂದು ಬಣ್ಣದ ಟ್ಯಾಬ್, ಒಂದರ ಕುಕೀ ಇನ್ನೊಂದಕ್ಕೆ ಕಾಣುವುದಿಲ್ಲ. ಚೆನ್ನಾಗಿದೆ. ಆದರೆ ಬ್ಯಾಂಕ್ ಯಾವಾಗಲೂ ಅದರ ಕಂಟೇನರಿನಲ್ಲೇ ತೆರೆಯಲಿ ಎಂದು ಕಟ್ಟಿಹಾಕಬೇಡಿ. ಬಿಲ್ ಕಟ್ಟುವಾಗ ನಡುವೆ ಬ್ಯಾಂಕಿನ ಪುಟಕ್ಕೆ ಹೋಗುವ ಹೊತ್ತಿಗೆ ಬೇರೆ ಟ್ಯಾಬಿಗೆ ಜಿಗಿದು, ಜೊತೆಯಲ್ಲಿ ಹೋಗಬೇಕಾದ ವಿವರ ಕೈಬಿಟ್ಟು ಪೇಮೆಂಟ್ ಅರ್ಧಕ್ಕೆ ನಿಲ್ಲುತ್ತದೆ. ಕ್ಯೂಆರ್ ತೋರಿಸಿ ಯುಪಿಐನಲ್ಲಿ ಕಟ್ಟುವವರಿಗೆ ಈ ತಲೆನೋವಿಲ್ಲ.

ಕುಕೀ ಇಲ್ಲದೆಯೂ ಪರದೆಯ ಅಳತೆ, ಫಾಂಟ್ ಇತ್ಯಾದಿ ನೋಡಿ ಗುರುತು ಹಿಡಿಯುವವರಿದ್ದಾರೆ. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಇಎಫ್‌ಎಫ್ ಸಂಸ್ಥೆಯ ಕವರ್ ಯುವರ್ ಟ್ರ್ಯಾಕ್ಸ್ ತಾಣದಲ್ಲಿ ನಿಮ್ಮ ಬ್ರೌಸರ್ ಎಷ್ಟು ಎದ್ದು ಕಾಣುತ್ತದೆ ಎಂದು ನೋಡಿಕೊಳ್ಳಬಹುದು. ಈ ಒಂದು ವಿಷಯದಲ್ಲಿ ಬ್ರೇವ್ ಮುಂದಿದೆ ಎಂದೇ ನನ್ನ ಅನಿಸಿಕೆ.

ನನಗೆ ಫೈರ್‌ಫಾಕ್ಸ್ ಒಗ್ಗಿದ್ದಕ್ಕೆ ನನ್ನ ಅಭ್ಯಾಸವೂ ಕಾರಣ. ರಾತ್ರಿ ಬ್ರೌಸರ್ ಮುಚ್ಚಿ, ಲ್ಯಾಪ್‌ಟಾಪ್ ಆಫ್ ಮಾಡಿ ಮಲಗುವವನು ನಾನು. ಹತ್ತಾರು ಟ್ಯಾಬ್ ತೆರೆದಿಟ್ಟು, ಮುಚ್ಚಳ ಮಡಚಿ ವಾರಗಟ್ಟಲೆ ಹಾಗೇ ಬಿಡುವವರಿಗೆ "ಮುಚ್ಚಿದಾಗ ಅಳಿಸು" ಎಂಬುದು ಯಾವತ್ತೂ ನಡೆಯುವುದೇ ಇಲ್ಲ. ನೀವು ಆ ಜಾತಿಯವರಾದರೆ ಬ್ರೇವ್ ಹಾಕಿಕೊಂಡು, ವ್ಯಾಲೆಟ್ ಗಿಲೆಟ್ ಆಫ್ ಮಾಡಿ, ಮರೆತುಬಿಡುವ ಆಯ್ಕೆ ಬಳಸಿ. ಮ್ಯಾಕ್ ಇರುವವರು ಸಫಾರಿಯಲ್ಲೇ ಇದ್ದರೂ ನಡೆಯುತ್ತದೆ, ಅದು 2020ರಿಂದಲೇ ಥರ್ಡ್ ಪಾರ್ಟಿ ಕುಕೀಗಳನ್ನು ಪೂರ್ತಿ ನಿಲ್ಲಿಸಿದೆ. ವಿಪಿಎನ್ ಚಂದಾ ನಾನು ಮುಂದುವರಿಸಲಿಲ್ಲ.

ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಬಹುದು, ಅಪ್ಪನ ಫೋನಿಗೂ ಹಾಕಿಕೊಟ್ಟಿದ್ದೇನೆ. ಫೇಸ್‌ಬುಕ್ ಆ್ಯಪ್ ಒಳಗೆ ಕಂಡ ಲಿಂಕ್ ಒತ್ತಿದರೆ ಮಾತ್ರ ಅದು ಆ್ಯಪಿನದೇ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಅಲ್ಲಿ ಯುಬ್ಲಾಕ್ ಕೆಲಸ ಮಾಡುವುದಿಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯಬೇಕು.