ನಾಲ್ಕು ಕ್ಲೌಡ್‌ಗಳಲ್ಲಿ ನನ್ನ ಕನ್ನಡ ಫೈಲ್‌ಗಳು

ನಮ್ಮ ಫೈಲ್‌ಗಳನ್ನು ಇಂಟರ್ನೆಟ್ ಮೂಲಕ ದೂರದ ಸರ್ವರಿನಲ್ಲಿ ಇಟ್ಟುಕೊಡುವ ಕ್ಲೌಡ್ ಸೇವೆಗಳನ್ನು ಹೋಲಿಸುವವರು ಉಚಿತ ಜಾಗದ ಲೆಕ್ಕಕ್ಕೇ ಹೆಚ್ಚು ಮಾತು ಖರ್ಚು ಮಾಡುತ್ತಾರೆ. ಅದನ್ನು ಮೊದಲೇ ಮುಗಿಸಿಬಿಡುತ್ತೇನೆ: ಮೆಗಾ 20 ಜಿಬಿ, ಗೂಗಲ್ ಡ್ರೈವ್ 15, ಒನ್‌ಡ್ರೈವ್ 5, ಡ್ರಾಪ್‌ಬಾಕ್ಸ್ 2. ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಈ ಅಂಕಿಗಳಲ್ಲ. ಇಟ್ಟ ಫೈಲನ್ನು ಮತ್ತೆ ಹುಡುಕಿ ತೆಗೆಯಲು ಆಗುತ್ತದೆಯೇ ಎಂಬ ಪ್ರಶ್ನೆ.

ನನ್ನ ಬಳಿ ಇದ್ದ ಸರಕು ಇಷ್ಟು: ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಲೇಖನಗಳು, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಬರೆದ ಈಚಿನವು, ತಂದೆಯ ಪತ್ರಗಳ ಸ್ಕ್ಯಾನ್, ಜಮೀನಿನ ಪಹಣಿ ಮತ್ತು ಕ್ರಯಪತ್ರ, ತಾಳಮದ್ದಳೆಯ ಧ್ವನಿಮುದ್ರಣಗಳು, ಮನೆಮಂದಿಯ ಫೋಟೊಗಳು. ಇವನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ ನಾಲ್ಕೂ ಕಡೆ ಏರಿಸಿದೆ. ಮೈಸೂರಿನ ಮನೆಯ ಬ್ರಾಡ್‌ಬ್ಯಾಂಡಿನಲ್ಲೂ ತೀರ್ಥಹಳ್ಳಿ ಕಡೆಯ ಊರಿನ ಮನೆಯಲ್ಲೂ ತೆರೆದು ನೋಡಿದೆ.

ಹಳೆಯ ನುಡಿ ಫೈಲ್‌ಗಳ ವಿಷಯದಲ್ಲಿ ಯಾವ ಕ್ಲೌಡೂ ಇನ್ನೊಂದಕ್ಕಿಂತ ಮೇಲಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಲಾಗಿತ್ತು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಫಾಂಟ್ ಇಲ್ಲದ ಬ್ರೌಸರಿನಲ್ಲಿ ಕೊಂಬುಕೋಡು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು. ಫಾಂಟ್ ಹುದುಗಿಸಿ ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಸರಿಯಾಗಿ ಕಾಣುತ್ತದೆ, ಆದರೆ ‘ಅಡಿಕೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಇಂತಹ ಫೈಲ್‌ಗಳಿರುವವರು ಸೇವೆಯನ್ನು ಆರಿಸುವ ಮೊದಲೇ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡ್‌ಗೆ ತರಬೇಕು. ಮೂಲ ಫೈಲನ್ನೂ ಅಳಿಸದೆ ಪಕ್ಕದಲ್ಲೇ ಇಡುವುದು ಒಳ್ಳೆಯದು. ಪರಿವರ್ತನೆಯಲ್ಲಿ ಅರ್ಕಾವತ್ತು ಎಲ್ಲಿ ಹೋಗಿ ಕುಳಿತಿದೆ ಎಂದು ಆಮೇಲೆ ನೋಡಬೇಕಾಗುತ್ತದೆ.

ಸ್ಕ್ಯಾನ್ ಮಾಡಿದ ಪುಟಗಳ ವಿಷಯಕ್ಕೆ ಬಂದಾಗ ಗೂಗಲ್ ಡ್ರೈವ್ ಉಳಿದವರಿಂದ ದೂರ ಸರಿಯಿತು. ಚಿತ್ರವನ್ನೋ ಪಿಡಿಎಫನ್ನೋ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದರೊಳಗಿನ ಕನ್ನಡ ಪಠ್ಯವನ್ನು ಅದು ಓದಿ ಅಕ್ಷರಗಳಾಗಿ ಕೊಡುತ್ತದೆ. ಫೈಲ್ 2 ಎಂಬಿಯ ಒಳಗಿರಲಿ, ಪುಟ ನೆಟ್ಟಗಿರಲಿ ಎಂಬುದು ಸಂಸ್ಥೆಯದೇ ಸಲಹೆ. ಚೊಕ್ಕವಾದ ಅಚ್ಚಿನ ಪುಟವಾದರೆ ತಿದ್ದುವ ಕೆಲಸ ಬಹಳ ಕಡಿಮೆ; ಶಾಯಿ ಹರಡಿದ ಹಳೆಯ ಕರಪತ್ರವಾದರೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ತಂದೆಯ ಕೈಬರಹ ಯಂತ್ರಕ್ಕೆ ಸಿಗಲಿಲ್ಲ. ನನಗೂ ಅದರಲ್ಲಿ ಅರ್ಧ ಸಿಗುವುದಿಲ್ಲ, ಆದ್ದರಿಂದ ದೂರುವಂತಿಲ್ಲ.

ಆ 15 ಜಿಬಿಯ ಒಳಮರ್ಮವನ್ನೂ ಹೇಳಬೇಕು. ಜಿಮೇಲ್, ಡ್ರೈವ್, ಫೋಟೊ ಮೂರಕ್ಕೂ ಜಾಗ ಒಂದೇ. 2021ರ ಜೂನ್ 1ರಿಂದ ಏರಿಸುವ ಫೋಟೊಗಳೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್‌ನ ಬ್ಯಾಕಪ್ ಕೂಡ ಇಲ್ಲೇ ಕೂರುವುದರಿಂದ, ಕುಟುಂಬದ ಗುಂಪಿನಲ್ಲಿ ಬರುವ ಶುಭೋದಯದ ವಿಡಿಯೊಗಳಿಗೂ ನೀವೇ ಜಾಗ ಕೊಟ್ಟಂತೆ. ಹೊರಗೆ ಬರುವ ದಾರಿಯೂ ನೇರವಾಗಿಲ್ಲ. ಗೂಗಲ್‌ನದೇ ಟೇಕ್‌ಔಟ್ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಳ್ಳಬಹುದು ನಿಜ. ಆದರೆ ಫೋಟೊಗಳ ವಿವರಗಳು ಪ್ರತ್ಯೇಕ ಜೇಸನ್ ಎಂಬ ಪಠ್ಯ ಫೈಲ್‌ಗಳಾಗಿ ಬರುತ್ತವೆ, ಅವನ್ನು ಫೋಟೊಗಳೊಂದಿಗೆ ಜೋಡಿಸುವ ಹೊರೆ ನಮ್ಮದು.

ಒನ್‌ಡ್ರೈವ್ ವಿಂಡೋಸ್‌ನೊಂದಿಗೇ ಬರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತದೆ. ಒಪ್ಪುವ ಮೊದಲು ಫೈಲ್ ಪಕ್ಕದ ಗುರುತುಗಳನ್ನು ಕಲಿಯಿರಿ. ಮೋಡದ ಗುರುತು ಇದ್ದರೆ ಕಂಪ್ಯೂಟರಿನಲ್ಲಿರುವುದು ಹೆಸರು ಮಾತ್ರ, ಫೈಲ್ ಇರುವುದು ದೂರದ ಸರ್ವರಿನಲ್ಲಿ. ಹಸಿರು ಗುರುತು ಇದ್ದರೆ ಪ್ರತಿ ನಿಮ್ಮಲ್ಲೂ ಇದೆ. ನಗರದಲ್ಲಿ ಇದರ ವ್ಯತ್ಯಾಸವೇ ತಿಳಿಯುವುದಿಲ್ಲ. ಆಷಾಢದ ಮಳೆಗೆ ಕರೆಂಟು, ಅದರ ಬೆನ್ನಿಗೇ ಮೊಬೈಲ್ ಟವರು ಹೋಗುವ ಮಲೆನಾಡಿನಲ್ಲಿ ತಿಳಿಯುತ್ತದೆ. ಬೇಕಾದ ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿ ‘ಸದಾ ಈ ಸಾಧನದಲ್ಲಿರಲಿ’ ಎಂಬರ್ಥದ ಆಯ್ಕೆಯನ್ನು ಒತ್ತಿದರೆ ಸಮಸ್ಯೆ ತೀರಿತು. ವರ್ಡ್, ಎಕ್ಸೆಲ್‌ಗಾಗಿ ಹೇಗೂ ಮೈಕ್ರೋಸಾಫ್ಟ್ 365ಕ್ಕೆ ಹಣ ಕಟ್ಟುವವರಿಗೆ 1 ಟಿಬಿ (ಸುಮಾರು 1000 ಜಿಬಿ) ಜಾಗ ಜೊತೆಗೇ ಸಿಗುತ್ತದೆ. ಕುಟುಂಬದ ಯೋಜನೆಯಲ್ಲಿ 6 ಮಂದಿಗೆ ತಲಾ 1 ಟಿಬಿ. ಅಂಥವರು ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬಹುದು.

ಕೆಲಸದ ಅಚ್ಚುಕಟ್ಟಿನಲ್ಲಿ ನನಗೆ ಹಿಡಿಸಿದ್ದು ಡ್ರಾಪ್‌ಬಾಕ್ಸ್. ಅದು ಫೈಲನ್ನು 4 ಎಂಬಿಯ ತುಂಡುಗಳಾಗಿ ನೋಡುತ್ತದೆ; ದೊಡ್ಡ ಫೈಲಿನ ಒಂದು ಭಾಗ ಬದಲಾದರೆ ಆ ಭಾಗವನ್ನಷ್ಟೇ ಕಳುಹಿಸುತ್ತದೆ. ಒಂದೇ ಮನೆಯ ಎರಡು ಕಂಪ್ಯೂಟರುಗಳು ಇಂಟರ್ನೆಟ್ಟಿಗೆ ಹೋಗಿ ಬರದೆ ನೇರವಾಗಿಯೇ ಫೈಲ್ ಹಂಚಿಕೊಳ್ಳಬಲ್ಲವು. ಆದರೆ ಉಚಿತ ಖಾತೆಯನ್ನು 3 ಸಾಧನಗಳಿಗೆ ಮಾತ್ರ ಜೋಡಿಸಬಹುದು, ಮತ್ತು 2 ಜಿಬಿ ಮುಗಿದ ಮೇಲೆ ವ್ಯಕ್ತಿಗಳಿಗೆಂದು ಮಾಡಿದ ಪಾವತಿ ಯೋಜನೆ 2 ಟಿಬಿಯದು. ನಡುವೆ ಮೆಟ್ಟಿಲಿಲ್ಲ. 100 ಜಿಬಿಯೂ ತುಂಬದ ನನ್ನಂಥವನಿಗೆ ಇದು ಒಬ್ಬನಿದ್ದ ಮನೆಗೆ ಮದುವೆಯ ಹಂಡೆ ತಂದಂತೆ.

ಮೆಗಾದ ಲೆಕ್ಕವೇ ಬೇರೆ. 2013ರಲ್ಲಿ ನ್ಯೂಜಿಲೆಂಡಿನಿಂದ ಆರಂಭವಾದ ಈ ಸೇವೆಯಲ್ಲಿ ಫೈಲ್ ನಮ್ಮ ಸಾಧನದಲ್ಲೇ ಗೂಢಲಿಪಿಯಾಗಿ ನಂತರ ಹೊರಡುತ್ತದೆ. ಬೀಗದ ಕೈ ಸಂಸ್ಥೆಯ ಬಳಿ ಇರುವುದಿಲ್ಲ. ಕ್ರಯಪತ್ರಕ್ಕೆ ಇದೇ ಬೇಕು. ಇದರ ಬೆಲೆಯೂ ಅಷ್ಟೇ ಸ್ಪಷ್ಟ: ಓದಲಾಗದ ಪುಟದಲ್ಲಿ ಸರ್ವರು ಪದ ಹುಡುಕಿಕೊಡಲಾರದು. ಫೈಲಿನ ಹೆಸರೇ ಗತಿ. ಹಾಗಾಗಿ ಇಲ್ಲಿಟ್ಟ ಪ್ರತಿ ಫೈಲಿಗೂ ಸರ್ವೆ ನಂಬರು, ಗ್ರಾಮ, ವರ್ಷ ಸೇರಿಸಿ ಹೆಸರಿಟ್ಟಿದ್ದೇನೆ. ಪಾಸ್‌ವರ್ಡ್ ಮರೆತು, ಮರುಪ್ರಾಪ್ತಿ ಕೀಲಿಯನ್ನೂ ಕಳೆದುಕೊಂಡರೆ ಯಾವ ಸಹಾಯವಾಣಿಯೂ ಫೈಲನ್ನು ಮರಳಿಸಲಾರದು.

ಇಲ್ಲೇ ಇನ್ನೊಂದು ಮಾತು, ಮನೆಗಳಲ್ಲಿ ಆಡಲು ಹಿಂಜರಿಯುವಂಥದ್ದು. ನಾವು ಹೋದ ಮೇಲೆ ಇವನ್ನು ತೆರೆಯುವವರು ಯಾರು? ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆಯಿದೆ. 3ರಿಂದ 18 ತಿಂಗಳ ನಡುವೆ ಒಂದು ಅವಧಿಯನ್ನು ಆರಿಸಿ, 10 ಮಂದಿಯವರೆಗೆ ಹೆಸರಿಸಬಹುದು. ಅಷ್ಟು ಕಾಲ ಖಾತೆ ಅಲುಗದಿದ್ದರೆ ಸುದ್ದಿ ಅವರಿಗೆ ಹೋಗುತ್ತದೆ, ನಾವು ಒಪ್ಪಿದ್ದರೆ ಫೈಲ್‌ಗಳೂ ಸಿಗುತ್ತವೆ. ಮೆಗಾದ ಕೀಲಿಯನ್ನು ಕಾಗದದಲ್ಲಿ ಬರೆದು, ಮೂಲ ಕ್ರಯಪತ್ರ ಇರುವ ಕಡೆಯೇ ಇಟ್ಟಿದ್ದೇನೆ.

ಕೇಂದ್ರ ಸರ್ಕಾರದ ದಾಖಲೆ ಸೇವೆಯಾದ ಡಿಜಿಲಾಕರ್ ಅನ್ನು ಈ ಸಾಲಿಗೆ ಸೇರಿಸಲಿಲ್ಲ. ಅಲ್ಲಿ 1 ಜಿಬಿ ಸಿಗುತ್ತದಾದರೂ ಅದರ ಬಲವಿರುವುದು ಇಲಾಖೆಗಳೇ ನೇರವಾಗಿ ನೀಡುವ ಚಾಲನಾ ಪರವಾನಗಿಯಂತಹ ದಾಖಲೆಗಳಲ್ಲಿ. 2016ರ ನಿಯಮಗಳ ಪ್ರಕಾರ ಅವು ಮೂಲಪ್ರತಿಗೆ ಸಮ. ನಾವೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ.

ಕೊನೆಗೆ ಗೂಗಲ್‌ನ 100 ಜಿಬಿ ಕೊಂಡೆ. ನಾನು ಕೊಂಡಾಗ ತಿಂಗಳಿಗೆ 130 ರೂಪಾಯಿ. ಲೇಖನ, ಫೋಟೊ, ಪತ್ರಗಳೆಲ್ಲ ಅಲ್ಲಿ. ಜಮೀನಿನ ಕಾಗದಗಳು ಮೆಗಾದಲ್ಲಿ. ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಎರಡು ಹಾರ್ಡ್‌ಡಿಸ್ಕುಗಳಲ್ಲೂ ಇಟ್ಟಿದ್ದೇನೆ, ಒಂದು ಮೈಸೂರಿನಲ್ಲಿ, ಇನ್ನೊಂದು ಊರಿನಲ್ಲಿ. ಏಕೆಂದರೆ ಎಲ್ಲ ಸಾಧನಗಳಲ್ಲೂ ಒಂದೇ ರೂಪ ಇರುವಂತೆ ನೋಡಿಕೊಳ್ಳುವ ಸಿಂಕ್ ಎಂಬುದು ಬ್ಯಾಕಪ್ ಅಲ್ಲ: ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ಗೂಗಲ್ ಡ್ರೈವ್‌ನ ಕಸದ ಬುಟ್ಟಿ ಅದನ್ನು ಕಾಯುವುದು 30 ದಿನ ಮಾತ್ರ.