ಬೆಳಗಾವಿಯ ಸ್ಕೈಡೈವಿಂಗ್ ಪೂರ್ವಸಿದ್ಧತಾ ತರಗತಿ: ಒಂದು ವಿಮರ್ಶೆ

ಬೆಳಗಾವಿಯ ಟಿಳಕವಾಡಿಯಲ್ಲಿ, ವಾಯುಪಡೆಯಿಂದ ನಿವೃತ್ತರಾದ ಪ್ಯಾರಾಶೂಟ್ ಜಿಗಿತದ ಬೋಧಕರೊಬ್ಬರು ಶನಿವಾರ ಮತ್ತು ರವಿವಾರ ಒಂದು ತರಗತಿ ನಡೆಸುತ್ತಾರೆ. ಅಲ್ಲಿ ವಿಮಾನವಿಲ್ಲ, ಜಿಗಿತವೂ ಇಲ್ಲ. ಬಾಡಿಗೆಯ ಸಭಾಗೃಹ, ಮೇಲಿನ ಕಬ್ಬಿಣದ ತೊಲೆಯಿಂದ ತೂಗುಬಿಟ್ಟ ತರಬೇತಿಯ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳ ಜೋಡಣೆ), ದಪ್ಪ ಚಾಪೆಗಳು ಮತ್ತು ಬಿಚ್ಚಿ ತೋರಿಸಲೆಂದೇ ಇಟ್ಟ ಒಂದು ಹಳೆಯ ಪ್ಯಾರಾಶೂಟ್ ಜೋಡಿ (ಮುಖ್ಯ ಪ್ಯಾರಾಶೂಟ್ ಮತ್ತು ಅದು ಕೈಕೊಟ್ಟರೆ ಬಳಸುವ ರಿಸರ್ವ್), ಇಷ್ಟೇ ಅಲ್ಲಿನ ಸರಂಜಾಮು. ಹೊರರಾಜ್ಯಕ್ಕೋ ಹೊರದೇಶಕ್ಕೋ ಹೋಗಿ ಸ್ಕೈಡೈವಿಂಗ್ ಪರವಾನಗಿಯ ಕೋರ್ಸಿಗೆ ಸೇರಬೇಕೆಂದಿರುವವರನ್ನು ಅಣಿಗೊಳಿಸುವುದು ಒಂದು ಸೇವೆ. ಕೋರ್ಸು ಮುಗಿಸಿ ಬಂದವರಿಗೆ ಸ್ವಂತ ಸಾಮಗ್ರಿ ಕೊಳ್ಳುವಾಗ ಸಲಹೆ ಕೊಡುವುದು ಇನ್ನೊಂದು. ಎರಡನ್ನೂ ನಾನು ಬಳಸಿಕೊಂಡಿದ್ದೇನೆ. ತಮಗೆ ಪ್ರಚಾರ ಬೇಡವೆಂದು ಬೋಧಕರು ಹೇಳಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಈ ಊರಿಗೂ ಪ್ಯಾರಾಶೂಟಿಗೂ ಹಳೆಯ ನಂಟಿದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಇಲ್ಲಿಯೇ. 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟ್ ರೂಪುಗೊಂಡಾಗ ಆ ದಳದ 3ನೇ ಬೆಟಾಲಿಯನ್ 2 ಪ್ಯಾರಾ ಆಯಿತು. 1971ರ ಯುದ್ಧದಲ್ಲಿ, ಡಿಸೆಂಬರ್ 11ರಂದು, ಈಗಿನ ಬಾಂಗ್ಲಾದೇಶದ ತಂಗೈಲ್‌ನಲ್ಲಿ ಆಕಾಶದಿಂದ ಇಳಿದದ್ದು ಅದೇ ಬೆಟಾಲಿಯನ್. ಪಕ್ಕದ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಆದ್ದರಿಂದ ಜಿಗಿತದ ಅನುಭವವುಳ್ಳ ನಿವೃತ್ತರು ಇಲ್ಲಿ ಸಿಗುವುದು ಸಹಜ, ಅವರ ಮಾತಿಗೆ ಜನ ಗೌರವ ಕೊಡುವುದೂ ಸಹಜ. ಆದರೆ ಸೈನ್ಯದ ಜಿಗಿತ ಬೇರೆ, ಕ್ರೀಡೆಯ ಜಿಗಿತ ಬೇರೆ ಎಂಬುದನ್ನು ಈ ಬೋಧಕರು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತಾರೆ. ಆಗ್ರಾದ ಪ್ಯಾರಾಶೂಟ್ ತರಬೇತಿ ಶಾಲೆಯಲ್ಲಿ ಸೈನಿಕನು ಮೊದಲು ಕಲಿಯುವ ಜಿಗಿತದಲ್ಲಿ ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಶೂಟನ್ನು ಬಿಡಿಸುತ್ತದೆ. ಜಿಗಿಯುವ ಎತ್ತರ ಕಡಿಮೆ, ಗುಂಡಗಿನ ಪ್ಯಾರಾಶೂಟನ್ನು ಬೇಕಾದ ಕಡೆಗೆ ತಿರುಗಿಸುವ ಅವಕಾಶವೂ ಕಡಿಮೆ. ಕ್ರೀಡೆಯಲ್ಲಿ ಹೆಚ್ಚಾಗಿ 13,000 ಅಡಿಯ ಆಸುಪಾಸಿನಿಂದ ಜಿಗಿದು, ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಒಂದು ನಿಮಿಷದಷ್ಟು ಹೊತ್ತು ಬಿದ್ದು, ಅನಂತರ ಕಲಿಯುವವನೇ ತನ್ನ ಕೈಯಿಂದ ಪ್ಯಾರಾಶೂಟ್ ಬಿಡಿಸಿ, ರೆಕ್ಕೆಯಾಕಾರದ ಆ ಕ್ಯಾನೋಪಿಯನ್ನು (ಪ್ಯಾರಾಶೂಟಿನ ಬಟ್ಟೆಯ ಭಾಗವನ್ನು) ಹಾರಿಸಿಕೊಂಡು ಬಂದು ಇಳಿಯಬೇಕು.

ಮೊದಲ ಅವಧಿಯೆಲ್ಲವೂ ಬೋಧಕರ ಅರ್ಹತೆ ಎಂಬ ವಿಷಯಕ್ಕೆ ಮೀಸಲು. ನನ್ನ ಅಭಿಪ್ರಾಯದಲ್ಲಿ ಈ ತರಗತಿಯ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಅವರು ತಮ್ಮ ಕಾಗದಪತ್ರಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಏನನ್ನು ಮಾಡಲು ಅನುಮತಿ ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ಒಂದೊಂದಾಗಿ ಹೇಳಿದರು. ವಾಯುಪಡೆಯ ಅರ್ಹತೆ ಸೇವೆಯೊಳಗಿನದು. ಅಮೆರಿಕದ ಪ್ಯಾರಾಶೂಟ್ ಸಂಘವಾದ ಯುಎಸ್‌ಪಿಎಯ ಕೋಚ್ ರೇಟಿಂಗ್, ಅಂದರೆ ಕಲಿಸುವ ಅಧಿಕಾರಪತ್ರ, ಅವರಲ್ಲಿ ಹಿಂದೆ ಇತ್ತು. ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅವರು ನವೀಕರಿಸಿಲ್ಲ. "ನನ್ನ ಸಹಿ ನಿಮ್ಮ ಲಾಗ್ ಪುಸ್ತಕದಾಗ ನಡಿಯೂದಿಲ್ರಿ, ಯಾರರ ಕೇಳಿದ್ರ ಹಂಗಽ ಹೇಳ್ರಿ" ಎಂದು, ಜಿಗಿತಗಳನ್ನು ದಾಖಲಿಸುವ ಪುಸ್ತಕದ ಬಗ್ಗೆ ಎಲ್ಲರೆದುರು ಹೇಳಿದರು. ತನ್ನ ಪ್ರಮಾಣಪತ್ರ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಶುಲ್ಕ ಪಡೆಯುವ ಮೊದಲೇ ಹೇಳುವ ಶಿಕ್ಷಕರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ, ಮತ್ತು ಆ ನಂಬಿಕೆ ಕೊನೆಯವರೆಗೂ ಉಳಿಯಿತು.

ಅವರು ವಿವರಿಸಿದ ಯುಎಸ್‌ಪಿಎ ಪದ್ಧತಿಯನ್ನು ಕೋರ್ಸಿಗೆ ಹಣ ಕಟ್ಟುವ ಪ್ರತಿಯೊಬ್ಬರೂ ತಿಳಿದಿರಬೇಕು. ಎ, ಬಿ, ಸಿ, ಡಿ ಎಂಬ ನಾಲ್ಕು ಪರವಾನಗಿಗಳಿಗೆ ಕ್ರಮವಾಗಿ ಕನಿಷ್ಠ 25, 50, 200 ಮತ್ತು 500 ಜಿಗಿತಗಳು ಬೇಕು. ಜೊತೆಗೆ ಪರೀಕ್ಷೆ ಮತ್ತು ಕೌಶಲದ ಷರತ್ತುಗಳಿವೆ. ಇವು ಒಬ್ಬನು ತಾನು ಜಿಗಿಯುವುದಕ್ಕೆ ಸಂಬಂಧಿಸಿದವು. ಕಲಿಸುವ ಅಧಿಕಾರ ಬರುವುದು ರೇಟಿಂಗ್‌ನಿಂದ, ಅದಕ್ಕೆ ಬೇರೆಯೇ ತರಬೇತಿ ಮತ್ತು ಮೌಲ್ಯಮಾಪನ. ಸಾವಿರ ಸಲ ಜಿಗಿದವನಾದರೂ ರೇಟಿಂಗ್ ಇಲ್ಲದಿದ್ದರೆ ಮೊದಲ ಸಲ ಜಿಗಿಯುವವನ ಪಕ್ಕದಲ್ಲಿ ಇರುವಂತಿಲ್ಲ. ಕೋಚ್ ಆಗಲು ಬಿ ಪರವಾನಗಿ ಮತ್ತು 100 ಜಿಗಿತಗಳು ಸಾಕು. ಆದರೆ ಅವರ ಕೆಲಸ, ಬೋಧಕರ ಮೇಲ್ವಿಚಾರಣೆಯಲ್ಲಿ ನೆಲದ ಪಾಠದ ಸಾಮಾನ್ಯ ಭಾಗಗಳನ್ನು ಹೇಳುವುದು ಮತ್ತು ಗಾಳಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳಬಲ್ಲೆನೆಂದು ಆಗಲೇ ತೋರಿಸಿಕೊಟ್ಟ ವಿದ್ಯಾರ್ಥಿಯೊಂದಿಗೆ ಜಿಗಿಯುವುದು. ಎಎಫ್‌ಎಫ್ (ಆಕ್ಸಿಲರೇಟೆಡ್ ಫ್ರೀಫಾಲ್) ಎಂಬ ಕ್ರಮದಲ್ಲಿ ವಿದ್ಯಾರ್ಥಿಯು ಮೊದಲ ಜಿಗಿತದಿಂದಲೇ ತನ್ನದೇ ಪ್ಯಾರಾಶೂಟ್ ಹೊತ್ತು, ಎರಡೂ ಬದಿಗೆ ಒಬ್ಬೊಬ್ಬ ಬೋಧಕರು ಹಿಡಿದಿರುವಂತೆ ಬೀಳುತ್ತಾನೆ. ಆ ಬೋಧಕರಿಗೆ ಕನಿಷ್ಠ ಆರು ಗಂಟೆಯ ಮುಕ್ತಪತನದ (ಪ್ಯಾರಾಶೂಟ್ ಬಿಡಿಸುವ ಮೊದಲು ಬೀಳುವುದರ) ಅನುಭವ ಇರಬೇಕು. ಒಂದು ಜಿಗಿತದಲ್ಲಿ ಸಿಗುವುದು ಒಂದೇ ನಿಮಿಷ ಎಂದು ಲೆಕ್ಕ ಹಾಕಿದರೆ ಆ ಆರು ಗಂಟೆಯ ತೂಕ ಅರ್ಥವಾಗುತ್ತದೆ. ಹೊಸಬರನ್ನು ತಮ್ಮ ಮೈಗೆ ಕಟ್ಟಿಕೊಂಡು ಒಂದೇ ಪ್ಯಾರಾಶೂಟಿನಲ್ಲಿ ಇಳಿಸುವ ಟ್ಯಾಂಡೆಮ್ ಬೋಧಕರಿಗೆ 500 ಜಿಗಿತ ಮತ್ತು ಕ್ರೀಡೆಯಲ್ಲಿ ಮೂರು ವರ್ಷ ಕಳೆದಿರಬೇಕು.

ಇದರಿಂದ ನಮಗೆ ದೊರೆತದ್ದು ಯಾವ ತರಬೇತಿ ಕೇಂದ್ರಕ್ಕಾದರೂ ಪತ್ರ ಬರೆದು ಕೇಳಬಹುದಾದ ನೇರ ಪ್ರಶ್ನೆಗಳು. ಮೊದಲ ಜಿಗಿತದಲ್ಲಿ ನನ್ನ ಪಕ್ಕದಲ್ಲಿ ಇರುವವರು ಯಾರು, ಅವರ ರೇಟಿಂಗ್ ಈ ವರ್ಷಕ್ಕೆ ಚಾಲ್ತಿಯಲ್ಲಿದೆಯೇ, ವಿದ್ಯಾರ್ಥಿಗಳ ರಿಸರ್ವ್ ಪ್ಯಾರಾಶೂಟನ್ನು ಮಡಚುವ ರಿಗ್ಗರ್ (ಅದಕ್ಕೆಂದೇ ಪ್ರಮಾಣಪತ್ರ ಪಡೆದ ತಂತ್ರಜ್ಞ) ಯಾರು, ಕೊನೆಯದಾಗಿ ಮಡಚಿದ ತಾರೀಖು ಯಾವುದು? ನಾನು ಪತ್ರ ಬರೆದ ಒಂದು ಕೇಂದ್ರದಿಂದ ಶುಲ್ಕದ ಪಟ್ಟಿಯೂ ರಿಯಾಯಿತಿಯ ವಿವರವೂ ಬಂದವು, ಈ ಪ್ರಶ್ನೆಗಳಿಗೆ ಮಾತ್ರ ಉತ್ತರ ಬರಲಿಲ್ಲ. ಎಲ್ಲಕ್ಕೂ ಉತ್ತರಿಸಿದ ಕೇಂದ್ರವನ್ನು ಆರಿಸಿಕೊಂಡೆ. ಅಲ್ಲಿನ ಶುಲ್ಕ ಹೆಚ್ಚಾಗಿತ್ತು, ಆ ಹೆಚ್ಚಳ ನ್ಯಾಯವಾದದ್ದೆಂದೇ ಈಗಲೂ ಭಾವಿಸುತ್ತೇನೆ.

ನೆಲದ ಅಭ್ಯಾಸ ಶಿಸ್ತಿನಿಂದ ನಡೆಯುತ್ತದೆ. ಹೊಟ್ಟೆಯ ಮೇಲೆ ಮಲಗಿ ಸೊಂಟವನ್ನು ಮುಂದೊತ್ತಿ ದೇಹವನ್ನು ಬಾಗಿಸುವುದು, ಎತ್ತರಮಾಪಕವನ್ನು ಪದೇ ಪದೇ ನೋಡುವುದು, ಕಾಲು ಜೋಡಿಸಿ ನೆಲಕ್ಕುರುಳುವುದು ಇವನ್ನೆಲ್ಲ ಸಾಕುಬೇಕಾಗುವವರೆಗೆ ಮಾಡಿಸುತ್ತಾರೆ. ತೂಗುವ ಹಾರ್ನೆಸ್‌ನಲ್ಲಿ ನಡೆಯುವ ಅಪಾಯಕಾಲದ ಅಭ್ಯಾಸವಂತೂ ಬಹಳ ಚೆನ್ನಾಗಿದೆ. ಮುಖ್ಯ ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ಬಲಗಡೆಯ ಹಿಡಿಯಿಂದ ಅದನ್ನು ಕಳಚಿ, ಎಡಗಡೆಯ ಹಿಡಿಯಿಂದ ರಿಸರ್ವ್ ತೆರೆಯಬೇಕು. ಹಿಡಿಗಳನ್ನು ಎಳೆಯುವ ಮೊದಲು ಕಣ್ಣಿನಿಂದ ನೋಡಬೇಕು. ಇದನ್ನು ನಿರ್ಧರಿಸಿ ಕೈಗೊಳ್ಳಲು ವಿದ್ಯಾರ್ಥಿಗಿರುವ ಗಡಿ 2,500 ಅಡಿ. ಬೀಳುವಾಗ ಸಾವಿರ ಅಡಿ ಸವೆಯಲು ಐದಾರು ಸೆಕೆಂಡು ಸಾಕು ಎಂದು ಗಡಿಯಾರ ಹಿಡಿದು ತೋರಿಸಿದಾಗ ಯೋಚಿಸುತ್ತ ಕೂಡುವ ಅಭ್ಯಾಸ ತಾನಾಗಿಯೇ ಬಿಟ್ಟುಹೋಗುತ್ತದೆ. ಕೋರ್ಸಿನಲ್ಲಿ ಈ ಪಾಠವನ್ನೇ ಮತ್ತೆ ಇಂಗ್ಲಿಷಿನಲ್ಲಿ ಕೇಳಿದಾಗ ಕೈಗಳಿಗೆ ಕ್ರಮ ಗೊತ್ತಿತ್ತು. ಭಾಷೆಯ ಕಡೆಗೆ ಗಮನ ಕೊಡಲು ಬಿಡುವು ಸಿಕ್ಕಿತು.

ತಾನಾಗಿ ರಿಸರ್ವ್ ತೆರೆಯುವ ಉಪಕರಣದ ವಿಚಾರದಲ್ಲಿಯೂ ಅವರ ವಿವರಣೆ ಖಚಿತವಾಗಿತ್ತು. ಜರ್ಮನಿಯ ಏರ್‌ಟೆಕ್ ಸಂಸ್ಥೆ 1991ರಲ್ಲಿ ತಂದ ಸೈಪ್ರೆಸ್‌ನ ಎಕ್ಸ್‌ಪರ್ಟ್ ಮಾದರಿ, ಜಿಗಿದವನು ಸುಮಾರು 750 ಅಡಿಗೆ ಬಂದಾಗಲೂ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ಕೆಲಸ ಮಾಡುತ್ತದೆ. ವಿದ್ಯಾರ್ಥಿಗಳ ಮಾದರಿ ಸೆಕೆಂಡಿಗೆ 13 ಮೀಟರ್ ವೇಗಕ್ಕೇ ಎಚ್ಚರಗೊಳ್ಳುತ್ತದೆ. ಉಪಕರಣವು ಚಾಲೂ ಮಾಡಿದ ಜಾಗದ ನೆಲವನ್ನೇ ಸೊನ್ನೆ ಎಂದು ಭಾವಿಸುವುದರಿಂದ ಅದನ್ನು ಜಿಗಿತದ ಮೈದಾನದಲ್ಲಿಯೇ ಚಾಲೂ ಮಾಡಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಮೈದಾನದಲ್ಲಿ ಕಲಿತವನು ಇಂಥ ಎತ್ತರದ ನೆಲದಲ್ಲಿ ಅದೇ ಕ್ಯಾನೋಪಿಯಿಂದ ಇಳಿದರೆ ಗಾಳಿ ತೆಳುವಾಗಿರುವುದರಿಂದ ವೇಗ ತುಸು ಹೆಚ್ಚಿರುತ್ತದೆ ಎಂಬ ಮಾತನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಸಾಮಗ್ರಿಯ ಆಯ್ಕೆಯ ಸಲಹೆಗೆ ಬೇರೆ ಶುಲ್ಕವಿದೆ. ಒಂದು ಟ್ಯಾಂಡೆಮ್ ಜಿಗಿತಕ್ಕೆ ಕೊಡುವ ಹಣದ ಸಣ್ಣ ಭಾಗ ಅದು. ಅದಕ್ಕೆ ಪ್ರತಿಯಾಗಿ ಉಳಿಯುವುದು ಹಣವಷ್ಟೇ ಅಲ್ಲ. ಅವರು ಮೊದಲು ಮಾಡುವುದು ತೂಕದ ಲೆಕ್ಕ. 72 ಕಿಲೋ ತೂಗುವ ವ್ಯಕ್ತಿ ಸುಮಾರು 11 ಕಿಲೋ ಬಟ್ಟೆ, ಸಾಮಗ್ರಿ ಹೊತ್ತರೆ 83 ಕಿಲೋ, ಅಂದರೆ 183 ಪೌಂಡು. ಇದನ್ನು ಕ್ಯಾನೋಪಿಯ ಚದರಡಿಯಿಂದ ಭಾಗಿಸಬೇಕು. 230 ಚದರಡಿಯಾದರೆ ಚದರಡಿಗೆ 0.8 ಪೌಂಡು, 190 ಆದರೆ 0.96, 150 ಆದರೆ 1.22. ಹೊಸಬರು ಒಂದರ ಒಳಗಿರುವುದು ಲೇಸು. ಈ ಅಂಕಿ ಏರಿದಂತೆ ಕ್ಯಾನೋಪಿ ಮುಂದೋಡುವ ವೇಗ ಏರುತ್ತದೆ, ತಿರುವಿನಲ್ಲಿ ಎತ್ತರ ಬೇಗ ಕಳೆಯುತ್ತದೆ, ಇಳಿಯುವಾಗ ತಡವಾದರೆ ತಿದ್ದಿಕೊಳ್ಳಲು ಸಮಯ ಉಳಿಯುವುದಿಲ್ಲ. ಸರಿಯಾಗಿಯೇ ಬಿಚ್ಚಿಕೊಂಡ ಪ್ಯಾರಾಶೂಟಿನ ಕೆಳಗೆ, ನೆಲಕ್ಕೆ ಹತ್ತಿರ ಬಂದಾಗ ಮಾಡಿದ ತಪ್ಪು ತಿರುವಿನಿಂದ ಜೀವ ಕಳೆದುಕೊಂಡವರಿದ್ದಾರೆ ಎಂಬುದನ್ನು ಈ ಲೆಕ್ಕದ ಜೊತೆಗೇ ಹೇಳಿದ್ದರಿಂದ, ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯಲಿಲ್ಲ.

ಆಮೇಲೆ ಕೊಳ್ಳುವ ಕ್ರಮ. ಬಹಳಷ್ಟು ಜನ, ಪ್ಯಾರಾಶೂಟುಗಳನ್ನು ಮಡಚಿಟ್ಟು ಬೆನ್ನಿಗೆ ಹೊರುವ ಕಂಟೈನರ್‌ನ ಬಣ್ಣ, ಅಂದ ನೋಡಿ ಅದನ್ನೇ ಮೊದಲು ಕೊಳ್ಳುತ್ತಾರೆ. 150 ಚದರಡಿಯ ಕ್ಯಾನೋಪಿಗೆಂದು ಹೊಲಿದ ಕಂಟೈನರ್‌ನಲ್ಲಿ 190 ಹಿಡಿಸುವುದಿಲ್ಲ. ಆಗ ಕಂಟೈನರ್‌ಗೆ ಹೊಂದಲೆಂದು ತನಗೆ ಸಲ್ಲದ ಸಣ್ಣ ಕ್ಯಾನೋಪಿ ಕೊಳ್ಳುವ ಒತ್ತಡ ಬೀಳುತ್ತದೆ. ಅದಕ್ಕೆ ಮುಖ್ಯ ಕ್ಯಾನೋಪಿಯ ಅಳತೆ ಮೊದಲು, ರಿಸರ್ವ್ ಅನಂತರ, ಕಂಟೈನರ್ ಕೊನೆಗೆ. ರಿಸರ್ವ್ ಸಣ್ಣದಾದಷ್ಟೂ ಹಗುರ ಎಂಬ ವಾದವನ್ನು ಅವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಪ್ರಜ್ಞೆ ತಪ್ಪಿದವನನ್ನು ತಾನಾಗಿ ತೆರೆಯುವ ಉಪಕರಣವು ಉಳಿಸಿದರೆ ಅವನು ಯಾವ ಹಗ್ಗವನ್ನೂ ಎಳೆಯದೆ ಆ ರಿಸರ್ವ್‌ನ ಕೆಳಗೆ ಹೇಗೆ ಬರುತ್ತಾನೋ ಹಾಗೆಯೇ ನೆಲ ಮುಟ್ಟಬೇಕಾಗುತ್ತದೆ. ಹಾರ್ನೆಸ್ ಮೈಗೆ ಹೊಂದುವುದೂ ಅಷ್ಟೇ ಮುಖ್ಯ: ಸಡಿಲವಾದ ಹಾರ್ನೆಸ್‌ನಲ್ಲಿ ಹಿಡಿಗಳು ಸರಿದು ಕೈಗೆ ಸಿಗದೆ ಹೋಗಬಹುದು.

ಬಳಸಿದ ಸಾಮಗ್ರಿಯನ್ನು ಪರೀಕ್ಷಿಸುವಾಗ ಅವರ ಕೈ ನಿಧಾನ. ನಾನು ತರಿಸಿಕೊಂಡಿದ್ದ ಮಾರಾಟಗಾರರ ಚಿತ್ರಗಳನ್ನು ನೋಡಿ, ಹಗ್ಗಗಳ ತುದಿಯ ಸವೆತ, ಮುಖ್ಯ ಪ್ಯಾರಾಶೂಟನ್ನು ಕಳಚುವ ಮೂರು ಉಂಗುರಗಳ ಜೋಡಣೆ, ರಿಸರ್ವ್‌ನ ದಾಖಲೆ ಚೀಟಿ, ತಾನಾಗಿ ತೆರೆಯುವ ಉಪಕರಣದ ತಯಾರಿಕೆಯ ತಿಂಗಳು ಇವುಗಳ ಹತ್ತಿರದ ಚಿತ್ರಗಳನ್ನು ಮತ್ತೆ ಕೇಳಿಸಿದರು. ಸ್ಪೆಕ್ಟ್ರಾ ಎಂಬ ನೂಲಿನ ಹಗ್ಗಗಳು ಉಜ್ಜಿ ಬಿಸಿಯಾಗಿ ಕಾಲಕ್ರಮದಲ್ಲಿ ಕುಗ್ಗುತ್ತವೆ, ಎಲ್ಲವೂ ಸಮನಾಗಿ ಕುಗ್ಗುವುದಿಲ್ಲ; ಆಗ ಕ್ಯಾನೋಪಿಯ ಆಕಾರವೇ ಕೆಡುತ್ತದೆ. ಅಗ್ಗವೆಂದು ನನಗೆ ಇಷ್ಟವಾಗಿದ್ದ ಒಂದು ಜೋಡಿಯ ಉಪಕರಣದ ಆಯುಷ್ಯ ತೀರುತ್ತ ಬಂದಿತ್ತು. "ಇದರ ತಾರೀಖ ಮುಗೀಲಿಕ್ಕೆ ಬಂದೈತ್ರಿ, ಹೊಸಾದ್ರ ರೊಕ್ಕ ಕೂಡಿಸಿ ನೋಡ್ರಿ" ಎಂದರು. ಕೂಡಿಸಿ ನೋಡಿದರೆ ಅದು ಅಗ್ಗವಾಗಿರಲಿಲ್ಲ. ಇಲ್ಲಿಯೂ ಅವರು ತಮ್ಮ ಗಡಿಯನ್ನು ಮೀರಲಿಲ್ಲ. ತಾವು ರಿಗ್ಗರ್ ಅಲ್ಲ, ರಿಸರ್ವ್‌ನ ಮೊಹರು ಒಡೆಯುವ ಹಕ್ಕು ತಮಗಿಲ್ಲ ಎಂದು ಹೇಳಿ, ಕೊಳ್ಳುವ ಮೊದಲು ಅರ್ಹ ರಿಗ್ಗರ್ ಕೈಯಲ್ಲಿ ಬಿಚ್ಚಿಸಿ ತಪಾಸಣೆ ಮಾಡಿಸುವ ಷರತ್ತನ್ನು ಮಾರಾಟಗಾರರಿಗೆ ಬರೆಯಿಸಿದರು. ಅಮೆರಿಕದ ನಿಯಮದಂತೆ ರಿಸರ್ವ್ ಅನ್ನು 180 ದಿನಗಳೊಳಗೆ ಮತ್ತೆ ಬಿಚ್ಚಿ ಮಡಚಿಸಲೇಬೇಕಾದ್ದರಿಂದ, ಆ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊರತೆಗಳೂ ಇವೆ. ಅಭ್ಯಾಸದ ಹಾರ್ನೆಸ್ ಒಂದೇ, ಅದೂ ದೊಡ್ಡ ಮೈಕಟ್ಟಿನವರಿಗೆ ಆಗುವಂಥದ್ದು. ನಮ್ಮ ತಂಡದಲ್ಲಿದ್ದ ಸಣ್ಣ ಮೈಕಟ್ಟಿನ ಸಹೋದರಿಯೊಬ್ಬರಿಗೆ ಹಿಡಿಗಳು ಇರಬೇಕಾದ ಜಾಗದಲ್ಲಿ ಸಿಗಲಿಲ್ಲ. ಹಾರ್ನೆಸ್ ಹೊಂದಬೇಕು ಎಂದು ಕಲಿಸುವ ತರಗತಿಯಲ್ಲಿ ಇದು ಸಣ್ಣ ದೋಷವಲ್ಲ, ಬೇಗ ಸರಿಪಡಿಸಬೇಕಾದದ್ದು. ನೆಲಕ್ಕುರುಳುವ ಅಭ್ಯಾಸಕ್ಕೆ ಸೈನ್ಯದ ರೂಢಿಯಂತೆ ಬಹಳ ಹೊತ್ತು ಹೋಗುತ್ತದೆ, ಕ್ಯಾನೋಪಿಯನ್ನು ಗಾಳಿಯ ದಿಕ್ಕು ನೋಡಿ ಮೈದಾನಕ್ಕೆ ತರುವ ಕ್ರಮಕ್ಕೆ ಅದರ ಅರ್ಧದಷ್ಟೂ ಸಿಗುವುದಿಲ್ಲ. ಕ್ರೀಡೆಯಲ್ಲಿ ಹೊಸಬರಿಗೆ ಕಷ್ಟವಾಗುವುದು ಎರಡನೆಯದೇ. ಪಾಠ ಕನ್ನಡ, ಮರಾಠಿ, ಹಿಂದಿಗಳಲ್ಲಿ ನಡೆದರೂ ಮುದ್ರಿತ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಹೇಳಬಲ್ಲವರು ಕನ್ನಡದಲ್ಲಿಯೇ ಬರೆದು ಕೊಟ್ಟರೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರವಾಗುತ್ತದೆ. ಮುಖ್ಯ ಪ್ಯಾರಾಶೂಟ್ ಮಡಚುವುದನ್ನು ಕಲಿಸಲು ಸಭಾಗೃಹದ ಉದ್ದ ಸಾಲದು. ಅದನ್ನು ಕೋರ್ಸಿನಲ್ಲಿಯೇ ಕಲಿಯಬೇಕಾಗುತ್ತದೆ.

ಟ್ಯಾಂಡೆಮ್ ಜಿಗಿತ ಒಮ್ಮೆ ಮಾಡಿ ಚಿತ್ರ ತೆಗೆಸಿಕೊಂಡು ಬರಬೇಕೆನ್ನುವವರಿಗೆ ಈ ತರಗತಿಯ ಅಗತ್ಯವಿಲ್ಲ. ಪರವಾನಗಿಯ ದಾರಿ ಹಿಡಿಯುವವರು, ಕೋರ್ಸಿಗೆ ಮುಂಗಡ ಕಟ್ಟುವ ಮೊದಲು ಇಲ್ಲಿಗೆ ಬರುವುದು ಒಳ್ಳೆಯದು. ಕಟ್ಟಿದ ಮೇಲೆ ಬಂದರೆ ಮೊದಲ ಅವಧಿಯ ಅರ್ಧ ಪ್ರಯೋಜನ ತಪ್ಪುತ್ತದೆ. ಸಾಮಗ್ರಿಯ ಸಲಹೆಗೆ ಬರುವವರು ತಮ್ಮ ಲಾಗ್ ಪುಸ್ತಕವನ್ನು ತಪ್ಪದೆ ತರಬೇಕು. ಯಾವ ಅಳತೆಯ ಕ್ಯಾನೋಪಿಯಲ್ಲಿ ಎಷ್ಟು ಸಲ ಇಳಿದಿರಿ, ನಿಂತು ಇಳಿದಿರೋ ಬಿದ್ದು ಇಳಿದಿರೋ ಎಂಬುದನ್ನು ಪುಟ ತಿರುವಿ ನೋಡದೆ ಅವರು ಯಾವ ಅಳತೆಯನ್ನೂ ಹೇಳುವುದಿಲ್ಲ.