ವಾಪಸು ಹೊರಡುವುದು 5.15ಕ್ಕೆ: ಫುಟ್‌ಬಾಲ್ ನೋಡಿಸುವ ಒಂದು ಟಿಟಿ ಪ್ರವಾಸದ ವಿಮರ್ಶೆ

ತುಮಕೂರಿನಿಂದ ಬೆಂಗಳೂರಿಗೆ ಫುಟ್‌ಬಾಲ್ ಪಂದ್ಯ ನೋಡಲು ಜನರನ್ನು ಕರೆದೊಯ್ದು, ಅದೇ ರಾತ್ರಿ ಮರಳಿ ಊರು ಮುಟ್ಟಿಸುವ ಟೆಂಪೊ ಟ್ರಾವೆಲರ್ (ಟಿಟಿ) ಸೇವೆಯೊಂದು ಕೆಲವು ತಿಂಗಳಿಂದ ನಡೆಯುತ್ತಿದೆ. ತಲೆಗೆ 850 ರೂಪಾಯಿ. ಅದರಲ್ಲಿ ಹೋಗಿ ಬರುವ ಖರ್ಚು, ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ, ನೀರಿನ ಬಾಟಲಿ ಮತ್ತು ಕ್ರೀಡಾಂಗಣದೊಳಗೆ ಹೋಗುವ ಏರ್ಪಾಡು ಎಲ್ಲವೂ ಸೇರಿರುತ್ತವೆ. ಕಳೆದ ತಿಂಗಳು ಒಂದು ಭಾನುವಾರ ನಾನೂ ಈ ಗಾಡಿಯಲ್ಲಿ ಹೋಗಿ ಬಂದೆ. ಒಂದೇ ವಾಹನ ಇಟ್ಟುಕೊಂಡು ಒಬ್ಬರೇ ನಡೆಸುವ ಸಣ್ಣ ವ್ಯವಹಾರವಾದ್ದರಿಂದ ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ; ನಮ್ಮೂರಿನಲ್ಲಿ ಫುಟ್‌ಬಾಲ್ ನೋಡುವವರ ಸಂಖ್ಯೆ ಎಷ್ಟೆಂಬುದನ್ನು ಬಲ್ಲವರಿಗೆ ಅದರ ಅಗತ್ಯವೂ ಇಲ್ಲ.

ಇಂಥದ್ದೊಂದು ಸೇವೆ ಬೇಕಾಗಿತ್ತೇ ಎಂದು ಕೇಳುವವರಿಗೆ ನನ್ನ ಅನುಭವವನ್ನೇ ಹೇಳಬೇಕು. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್ ತಂಡಗಳ ನಡುವೆ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದು ನಡೆದಾಗ ನಾನು ಗ್ಯಾಲರಿಯಲ್ಲಿದ್ದೆ. ಜೊಹೊರ್ ಹಿಂದಿನ ವರ್ಷದ ಚಾಂಪಿಯನ್. ನಮ್ಮ ತಂಡ ಹುಟ್ಟಿದ್ದೇ 2013ರಲ್ಲಿ. ಮೊದಲ ಗೋಲು ಹೊಡೆದದ್ದೂ ಅವರೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು ಪಂದ್ಯ 3-1ಕ್ಕೆ ಮುಗಿಯಿತು, ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಆ ಕಪ್ಪಿನ ಫೈನಲ್ ಮುಟ್ಟಿತು. ಆ ರಾತ್ರಿಯ ಸಂಭ್ರಮ ನನಗೆ ಉಳಿದದ್ದು ಮೆಜೆಸ್ಟಿಕ್‌ವರೆಗೆ ಮಾತ್ರ. ಅಲ್ಲಿಂದ ದಾವಣಗೆರೆ ಕಡೆಯ ಬಸ್ಸೊಂದರಲ್ಲಿ ನಿಂತುಕೊಂಡೇ ಬಂದು, ಊರೊಳಗೆ ಹೋಗುವುದಿಲ್ಲವೆಂದು ಅವರು ಕ್ಯಾತ್ಸಂದ್ರದಲ್ಲಿ ಇಳಿಸಿದ ಮೇಲೆ, ಆಟೊ ಸಿಗದೆ ಬಿ.ಎಚ್. ರಸ್ತೆಯುದ್ದಕ್ಕೂ ನಡೆದು ಮನೆ ಸೇರುವಾಗ ಒಂದೂವರೆ ದಾಟಿತ್ತು. ತುಮಕೂರಿನ ಪ್ರೇಕ್ಷಕನಿಗೆ ಪಂದ್ಯಕ್ಕೆ ಹೋಗುವುದು ಎಂದೂ ಕಷ್ಟವಲ್ಲ, ವಾಪಸು ಬರುವುದೇ ಕಷ್ಟ. ಈ ಸೇವೆ ಮಾರುತ್ತಿರುವುದು ಆ ವಾಪಸು ಪ್ರಯಾಣವನ್ನು. ಆದ್ದರಿಂದ ಅದನ್ನು ಅಳೆಯಬೇಕಾದದ್ದೂ ಅಲ್ಲಿಯೇ.

ಗಾಡಿ ಟೌನ್‌ಹಾಲ್ ವೃತ್ತದಿಂದ ಹತ್ತು ಗಂಟೆಗೆ ಸರಿಯಾಗಿ ಹೊರಟಿತು. ಹನ್ನೆರಡು ಸೀಟು, ಹನ್ನೆರಡು ಜನ. ಕಾಲು ಚಾಚಲು ಜಾಗವಿತ್ತು, ಎಸಿ ಕೆಲಸ ಮಾಡುತ್ತಿತ್ತು, ಚಾಲಕನ ಓಟದಲ್ಲಿ ಹುಡುಗಾಟಿಕೆ ಇರಲಿಲ್ಲ. ತಿಂಡಿಯ ವಿಷಯ ಮಾತ್ರ ಸ್ವಲ್ಪ ನಗು ತರಿಸುವಂತಿತ್ತು. "ದಾರಿಯಲ್ಲಿ ವಿಶೇಷ ಉಪಾಹಾರ" ಎಂದು ಸಂದೇಶದಲ್ಲಿ ಬರೆದಿದ್ದರು, ಹೊರಟು ಕಾಲು ಗಂಟೆಯೂ ಆಗುವ ಮೊದಲೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರು. ಇಡ್ಲಿಯಲ್ಲಿ ದೋಷವಿಲ್ಲ, ಮೇಲೆ ಬೆಣ್ಣೆ ಕರಗುತ್ತಿತ್ತು, ಚಟ್ನಿ ಬೇಕಾದಷ್ಟು ಬಡಿಸಿದರು. ಆದರೆ ನಮ್ಮೂರಿನ ಇಡ್ಲಿಯನ್ನು ನಮಗೇ ಪ್ರವಾಸದ ಆಕರ್ಷಣೆಯೆಂದು ಮಾರುವ ಧೈರ್ಯವನ್ನು ಮೆಚ್ಚಲೇಬೇಕು. ಮಧ್ಯಾಹ್ನದ ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಇದ್ದವು. ಮನೆಯಲ್ಲಿ ಮಾಡಿಸಿದ್ದೆಂದು ತಿಳಿಯುತ್ತಿತ್ತು, ಅದಕ್ಕೆ ಪೂರ್ತಿ ಅಂಕ.

ಡಾಬಸ್‌ಪೇಟೆ ಹತ್ತಿರ ಬಲಕ್ಕೆ ಶಿವಗಂಗೆ ಬೆಟ್ಟ ಕಾಣುವ ಹೊತ್ತಿಗೆ ಗಾಡಿಯೊಳಗಿನ ಅಪರಿಚಿತತನ ಕರಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಹಿಂದಿನ ಸೀಟಿನಿಂದ ರೋವರ್ಸ್ ಕಪ್ಪಿನ ಕಥೆ ತೆಗೆದರು. 1891ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಕಪ್ಪನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಪಲ್ಟನ್ನುಗಳ ತಂಡಗಳೇ ಹಂಚಿಕೊಂಡಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ದುರ್ಬಲರೆಂದು ಬದಿಗಿಟ್ಟವರು ಗೆಲ್ಲುವುದನ್ನು ನೋಡಲು ನಾವು ಇಂಗ್ಲೆಂಡಿನ ಪಂದ್ಯಗಳಿಗಾಗಿ ರಾತ್ರಿ ಜಾಗರಣೆ ಮಾಡಬೇಕಾಗಿಲ್ಲ ಎಂಬುದು ಅವರ ವಾದ. ನಾವು ಹೊರಟಿದ್ದದ್ದೂ ಅಂಥದ್ದೇ ಪಂದ್ಯಕ್ಕೆ: ಬೆಂಗಳೂರಿನ ಅಗ್ರ ದರ್ಜೆಯಾದ ಸೂಪರ್ ಡಿವಿಷನ್ನಿನ ಬಲಾಢ್ಯ ತಂಡವೊಂದರ ಎದುರು ಅದಕ್ಕಿಂತ ಕೆಳಗಿನ ಎ ಡಿವಿಷನ್ನಿನ ತಂಡವೊಂದು ಆಡಬೇಕಾಗಿದ್ದ ನಾಕೌಟ್ ಕಪ್ ಪಂದ್ಯ. ಆ ಎ ಡಿವಿಷನ್ ತಂಡದಲ್ಲಿ ತುಮಕೂರಿನ ಇಬ್ಬರು ಹುಡುಗರಿದ್ದರು. ಗಾಡಿ ತುಂಬಿದ್ದಕ್ಕೆ ಅದೇ ಕಾರಣ.

ಪಂದ್ಯ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಇತ್ತು. ಕಂಠೀರವವನ್ನು ಮಾತ್ರ ನೋಡಿದವರಿಗೆ ಈ ಜಾಗದ ಸೊಗಸನ್ನು ಹೇಳಬೇಕು. ಕಂಠೀರವದಲ್ಲಿ ಅಂಕಣಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ, ಆಟ ದೂರದಲ್ಲಿ ನಡೆಯುತ್ತದೆ. ಇಲ್ಲಿ ಟ್ರ್ಯಾಕ್ ಇಲ್ಲ. ಕೃತಕ ಹುಲ್ಲಿನ ಮೇಲೆ ಬೂಟು ಉಜ್ಜುವ ಸದ್ದು, ಗೋಲ್‌ಕೀಪರ್ ತನ್ನ ರಕ್ಷಕರನ್ನು ಬೈಯುವ ಮಾತು, ಚೆಂಡು ಎದೆಗೆ ಬಡಿದ ಶಬ್ದ ಎಲ್ಲವೂ ಕಿವಿಗೆ ಬೀಳುತ್ತವೆ. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನ ತವರು ಪಂದ್ಯಗಳನ್ನು ಆಡಿ 2014ರಲ್ಲಿ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದದ್ದು ಈ ಅಂಗಳದಿಂದಲೇ. ನಮ್ಮ ಪ್ರವಾಸದವರು ನಮಗಾಗಿ ಹಿಡಿದಿಟ್ಟಿದ್ದ ಜಾಗದಲ್ಲಿ ಮೊದಲರ್ಧ ಪೂರ್ತಿ ಬಿಸಿಲು ಮುಖಕ್ಕೇ ಬಡಿಯುತ್ತಿತ್ತು. ಟೋಪಿ ತರಲು ಒಂದು ಮಾತು ಮೊದಲೇ ಹೇಳಬಹುದಾಗಿತ್ತು.

ಮೂರು ಗಂಟೆಯ ಪಂದ್ಯ ಹತ್ತು ನಿಮಿಷ ತಡವಾಗಿ ಆರಂಭವಾಯಿತು. ನಮ್ಮವರು ಆಡಿದ್ದು ಅಂದವಾದ ಆಟವೇನಲ್ಲ. ಹತ್ತು ಜನ ಚೆಂಡಿನ ಹಿಂದೆ ನಿಂತು, ಸಿಕ್ಕಿದ್ದನ್ನು ದೂರ ಒದ್ದು, ಎದುರಾಳಿ ಸುಸ್ತಾಗುವುದನ್ನು ಕಾಯುವ ಆಟ. ಆದರೆ ಫುಟ್‌ಬಾಲಿನಲ್ಲಿ ಗೋಲುಗಳೇ ವಿರಳವಾದ್ದರಿಂದ, ಮೂವತ್ತು ಪಂದ್ಯಗಳ ಲೀಗಿನಲ್ಲಿ ಬಯಲಾಗಿಬಿಡುವ ದೌರ್ಬಲ್ಯವನ್ನು ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಮುಚ್ಚಿಟ್ಟುಕೊಳ್ಳಲು ಸಾಧ್ಯ. ಮೊದಲರ್ಧ ಮುಗಿಯುವ ಮುನ್ನ ಸಿಕ್ಕ ಒಂದು ಕಾರ್ನರ್ ಕಿಕ್‌ನಲ್ಲಿ ನಮ್ಮ ಎತ್ತರದ ಡಿಫೆಂಡರ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದಾಗ, ಮೇಷ್ಟ್ರು ತಮ್ಮ ವಯಸ್ಸನ್ನು ಮರೆತು ಸೀಟಿನ ಮೇಲೆ ಹತ್ತಿ ನಿಂತರು. ಎರಡನೇ ಅವಧಿಯಲ್ಲಿ ಎದುರಾಳಿಗಳು ಸಮ ಮಾಡಿದರು. ತೊಂಬತ್ತು ನಿಮಿಷ ಮುಗಿದಾಗ 1-1.

ಇಲ್ಲಿಂದ ಮುಂದಿನದೇ ಈ ವಿಮರ್ಶೆಯ ಮುಖ್ಯ ಭಾಗ. ಪ್ರವಾಸದ ಸಂದೇಶದಲ್ಲಿ "ವಾಪಸು ಹೊರಡುವುದು ಸಂಜೆ 5.15ಕ್ಕೆ" ಎಂದಿತ್ತು. ಮೂರಕ್ಕೆ ಆರಂಭವಾದ ಪಂದ್ಯ ವಿರಾಮವೂ ಸೇರಿ ಐದರೊಳಗೆ ಮುಗಿಯುತ್ತದೆ ಎಂಬ ಲೆಕ್ಕ ಲೀಗ್ ಪಂದ್ಯಕ್ಕೆ ಸರಿ. ನಾಕೌಟ್ ಪಂದ್ಯದಲ್ಲಿ ಸಮಬಲವಾದರೆ ಹದಿನೈದು ನಿಮಿಷಗಳ ಎರಡು ಹೆಚ್ಚುವರಿ ಅವಧಿಗಳು, ಅದರಲ್ಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ ಶೂಟೌಟ್. ಎಲ್ಲ ಕಪ್‌ಗಳಲ್ಲೂ ಹೀಗೇ ಇರಬೇಕೆಂದಿಲ್ಲ, ನೇರವಾಗಿ ಪೆನಾಲ್ಟಿಗೆ ಹೋಗುವ ಟೂರ್ನಿಗಳೂ ಇವೆ. ಈ ಪಂದ್ಯಕ್ಕೆ ಹೆಚ್ಚುವರಿ ಸಮಯ ಇದೆ ಎಂಬುದನ್ನು ಸಂಘಟಕರು ಒಂದು ಫೋನ್ ಮಾಡಿ ತಿಳಿದುಕೊಳ್ಳಬಹುದಾಗಿತ್ತು. ಅವರು ತಿಳಿದುಕೊಂಡಿರಲಿಲ್ಲ. ಅಷ್ಟೇ ಅಲ್ಲ, ಅದೇ ರಾತ್ರಿ ಎಂಟೂವರೆಗೆ ತುಮಕೂರಿನಲ್ಲಿ ಮದುವೆ ದಿಬ್ಬಣವೊಂದಕ್ಕೆ ಅದೇ ಗಾಡಿಯನ್ನು ಒಪ್ಪಿಕೊಂಡಿದ್ದರು.

ಹೆಚ್ಚುವರಿ ಸಮಯ ಆರಂಭವಾಗುತ್ತಿದ್ದಂತೆ ಚಾಲಕ ಗ್ಯಾಲರಿಗೇ ಬಂದ. "ಅಣ್ಣಾ, ಹೆಣ್ಣಿನ ಕಡೆಯವ್ರು ರೆಡಿಯಾಗಿ ಕಾಯ್ತಾವ್ರೆ, ಐದೂಮುಕ್ಕಾಲು ಮೀರಿದ್ರೆ ನನ್ನ ಕೆಲಸ ಹೋಯ್ತದೆ" ಎಂದು ಅಂಗಲಾಚಿದ. ಅವನ ಮಾತು ಸುಳ್ಳಲ್ಲ, ತಪ್ಪೂ ಅವನದಲ್ಲ. ಸಂಘಟಕರಿಗೆ ಫೋನ್ ಮಾಡಿದಾಗ, ಕಾಯಬೇಕಾದರೆ ತಲೆಗೆ ನೂರು ರೂಪಾಯಿ ವೇಟಿಂಗ್ ಚಾರ್ಜ್ ಆಗುತ್ತದೆ ಎಂದರು. ಮೊದಲೇ ತಿಳಿಸದ ಶುಲ್ಕವನ್ನು ಪಂದ್ಯದ ಅತ್ಯಂತ ನಾಜೂಕಾದ ಗಳಿಗೆಯಲ್ಲಿ ಕೇಳುವುದು ನ್ಯಾಯವಲ್ಲ. ಆದರೂ ಎಲ್ಲರೂ ಕೊಟ್ಟೆವು. ಚಾಲಕನಿಗೆ ಒಂದು ಸಂದೇಹ ಉಳಿದಿತ್ತು: ಇಷ್ಟು ಹೊತ್ತು ಎಳೆಯುವ ಬದಲು ಟಾಸ್ ಹಾಕಿ ಮುಗಿಸಬಾರದೇ? ನಾವು ನಕ್ಕೆವು. ಆದರೆ 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟದ ಸೆಮಿಫೈನಲ್ ತೀರ್ಮಾನವಾದದ್ದು ನಾಣ್ಯ ಚಿಮ್ಮಿಯೇ. ಶೂಟೌಟ್ ನಿಯಮಗಳ ಪುಸ್ತಕಕ್ಕೆ ಸೇರಿದ್ದು 1970ರಲ್ಲಿ. ಎರಡು ವರ್ಷ ಹಿಂದೆ ಹುಟ್ಟಿದ್ದರೆ ಆತ ಸಮಯಕ್ಕೆ ಸರಿಯಾಗಿ ದಿಬ್ಬಣ ಮುಟ್ಟಿಸುತ್ತಿದ್ದ ಎಂದು ಮೇಷ್ಟ್ರು ತಮಾಷೆ ಮಾಡಿದರು, ಲೆಕ್ಕದಲ್ಲಿ ಅರ್ಧ ಶತಮಾನವನ್ನು ಧಾರಾಳವಾಗಿ ಬಿಟ್ಟು.

ಹೆಚ್ಚುವರಿ ಸಮಯದಲ್ಲೂ ಗೋಲಾಗಲಿಲ್ಲ. ಆಗ ಐದೂ ನಲವತ್ತು. ಐದು ಜನ ಎದ್ದರು. ಒಬ್ಬರಿಗೆ ಬೆಳಿಗ್ಗೆ ಐದಕ್ಕೆ ಹಾಲಿನ ಬೂತ್ ತೆಗೆಯಬೇಕು, ಮತ್ತೊಬ್ಬರ ಜೊತೆ ಎಂಟು ವರ್ಷದ ಮಗನಿದ್ದ, ಇನ್ನಿಬ್ಬರು ಚಾಲಕನ ಮುಖ ನೋಡಲಾರದೆ ಎದ್ದರು. ಅವರು ಹೊರಗೆ ನಿಂತಿದ್ದ ಗಾಡಿಯಲ್ಲಿ ಹೋಗಿ ಕುಳಿತರು. ನಾವು ಏಳು ಮಂದಿ ಉಳಿದೆವು. ನಮ್ಮ ಗೋಲ್‌ಕೀಪರ್ ಎರಡನೇ ಒದೆತವನ್ನು ಎಡಕ್ಕೆ ಹಾರಿ ತಡೆದ. ತುಮಕೂರಿನ ಹುಡುಗರಲ್ಲಿ ಒಬ್ಬ ಮೂರನೆಯವನಾಗಿ ಬಂದು, ನಾಲ್ಕು ಹೆಜ್ಜೆಯಷ್ಟೇ ಓಡಿ, ಚೆಂಡನ್ನು ಮೇಲಿನ ಮೂಲೆಗೆ ಕಳಿಸಿದ. ಆಮೇಲೆ ನಮ್ಮವರೇ ಎರಡು ತಪ್ಪಿಸಿದರು, ಒಂದು ಕಂಬಕ್ಕೆ, ಒಂದು ಕೀಪರ್‌ನ ಕೈಗೆ. 4-3ಕ್ಕೆ ಸೋತೆವು. ಹೊರಗೆ ಗಾಡಿಯಲ್ಲಿ ಕುಳಿತಿದ್ದವರಿಗೆ ಕೇಳಿಸಿದ್ದು ಗದ್ದಲ ಮಾತ್ರ. ಅದು ಯಾರ ಕಡೆಯ ಗದ್ದಲ ಎಂದು ತಿಳಿಯದೆ ಆ ಎಂಟು ವರ್ಷದ ಹುಡುಗ ಗೆದ್ದೆವೆಂದು ಕುಣಿಯುತ್ತಿದ್ದನಂತೆ. ನಾವು ಹತ್ತಿದಾಗ ನಮ್ಮ ಮುಖಗಳನ್ನು ನೋಡಿ ಸುಮ್ಮನಾದ.

ವಾಪಸು ಪ್ರಯಾಣದ ಬಗ್ಗೆ ದೂರಿಲ್ಲ. ಭಾನುವಾರ ಸಂಜೆಯ ವಾಹನದಟ್ಟಣೆಯನ್ನು ದಾಟಿ ಎಂಟೂ ಇಪ್ಪತ್ತೈದಕ್ಕೆ ನಾವು ಬಟವಾಡಿಯಲ್ಲಿದ್ದೆವು. ಮೇಷ್ಟ್ರನ್ನು ಮನೆಯ ಬಾಗಿಲವರೆಗೆ ಬಿಟ್ಟುಬಂದ ಮೇಲೆಯೇ ಚಾಲಕ ದಿಬ್ಬಣಕ್ಕೆ ಹೋದ. ರಾತ್ರಿ ಒಂದೂವರೆಯ ಹೊತ್ತಿನಲ್ಲಿ ಬಿ.ಎಚ್. ರಸ್ತೆಯಲ್ಲಿ ನಡೆದವನಿಗೆ ಇದರ ಬೆಲೆ ಗೊತ್ತು. ಸ್ವಂತವಾಗಿ ಹೋಗುವವರು ಮಾದಾವರದಲ್ಲಿ ಬಸ್ಸಿಳಿದು, ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ, ಅಲ್ಲಿಂದ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಹೋಗಿ ನಡೆದುಕೊಂಡೇ ಕ್ರೀಡಾಂಗಣ ಸೇರಬಹುದು. ಖರ್ಚು ಈ ಪ್ರವಾಸದ ಅರ್ಧವೂ ಆಗುವುದಿಲ್ಲ. ಹಗಲಿನ ಪಂದ್ಯವಾದರೆ ಒಂಟಿ ಯುವಕರಿಗೆ ನಾನು ಅದನ್ನೇ ಹೇಳುತ್ತೇನೆ. ಮಕ್ಕಳನ್ನು ಅಥವಾ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ರಾತ್ರಿ ಪಂದ್ಯಕ್ಕೆ ಹೋಗುವವರಿಗೆ ಈ ಟಿಟಿಯೇ ಮೇಲು.

ಮರುದಿನ ನಾನು ಸಂಘಟಕರಿಗೆ ಫೋನ್ ಮಾಡಿ, ಗಾಡಿಯಲ್ಲಿ ಕುಳಿತ ಐವರಿಗೆ ವೇಟಿಂಗ್ ಚಾರ್ಜನ್ನಾದರೂ ಹಿಂದಿರುಗಿಸಬೇಕೆಂದು ಕೇಳಿದೆ. ಅವರು ಮೃದುವಾಗಿಯೇ ಮಾತನಾಡಿದರು. "ಹೇಗೂ ಸೋತರಲ್ಲ ಸಾರ್, ನೋಡದೆ ಇದ್ದವರಿಗೆ ನಷ್ಟವೇನು?" ಎಂದರು. ಇಡ್ಲಿ, ಬಿಸಿಲು, ನೂರು ರೂಪಾಯಿ ಯಾವುದೂ ನನಗೆ ಇಷ್ಟು ಚುಚ್ಚಿರಲಿಲ್ಲ. ನಾವು 850 ಕೊಟ್ಟದ್ದು ಗೆಲುವಿಗಲ್ಲ. ಗೆಲುವಷ್ಟೇ ಬೇಕಾಗಿದ್ದರೆ ಸೂಪರ್ ಡಿವಿಷನ್ ತಂಡದ ಕಡೆ ಕೂರಬಹುದಾಗಿತ್ತು. ಕಂಬಕ್ಕೆ ಬಡಿದ ಆ ಚೆಂಡನ್ನು, ಅದಕ್ಕೂ ಮೊದಲು ನಮ್ಮ ಹುಡುಗ ನಾಲ್ಕು ಹೆಜ್ಜೆ ಓಡಿದ್ದನ್ನು ನೋಡಲೆಂದೇ ಎಪ್ಪತ್ತು ಕಿಲೋಮೀಟರ್ ಹೋಗಿದ್ದೆವು. ಹಾಲಿನ ಬೂತಿನವರು ಇವತ್ತಿಗೂ ನಾನು ಸಿಕ್ಕಿದಾಗಲೆಲ್ಲ ಆ ಒದೆತ ಯಾವ ಮೂಲೆಗೆ ಹೋಯಿತೆಂದು ಕೇಳುತ್ತಾರೆ, ನಾನು ಕೈಯಾಡಿಸಿ ತೋರಿಸುತ್ತೇನೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಚಾಲಕನಿಗೆ. ಮುಂದಿನ ಪ್ರವಾಸದ ಸಂದೇಶ ನಿನ್ನೆ ಬಂತು. ಇನ್ನೊಂದು ನಾಕೌಟ್ ಪಂದ್ಯ, ಮೂರು ಗಂಟೆಗೆ ಆರಂಭ, ಅದೇ 850 ರೂಪಾಯಿ, ಟೋಪಿ ತರಬೇಕೆಂಬ ಸೂಚನೆ ಈ ಸಲ ಸೇರಿದೆ. ಕೊನೆಯ ಸಾಲಿನಲ್ಲಿ ವಾಪಸು ಹೊರಡುವುದು ಸಂಜೆ 5.15ಕ್ಕೆ ಎಂದೇ ಇದೆ. ಅದೇ ರಾತ್ರಿ ಗಾಡಿಗೆ ಬೇರೆ ಬಾಡಿಗೆ ಇದೆಯೇ ಎಂದು ಕೇಳಿ ಕಳಿಸಿದ್ದೇನೆ. ಉತ್ತರ ಬರುವವರೆಗೆ ಮುಂಗಡ ಕೊಡುವುದಿಲ್ಲ.